ನಲ್ಲಿಗೆ ಹರಕೆ

ಚಿಂತಾಮಣಿಯ ಟೊಮೆಟೊ ಮಂಡಿಯ ಹಿಂದಿನ ರಸ್ತೆಯಲ್ಲಿ ಡಾಕ್ಟರ್ ಅಚ್ಯುತ್ ಅವರ ನರ್ಸಿಂಗ್ ಹೋಮ್ ಇದೆ. ಕೋನಪ್ಪ ಅಲ್ಲಿ ವಾರ್ಡ್ ಅಟೆಂಡರ್ ಆಗಿ ಸೇರಿದ ಕಾಲದಲ್ಲಿ ಡಾಕ್ಟರಿಗೆ ತಲೆತುಂಬ ಕೂದಲಿತ್ತು, ಕೋನಪ್ಪನ ಬಲಗೈ ಬೋಳಾಗಿತ್ತು. ಕಾಲ ಕಳೆದಂತೆ ಡಾಕ್ಟರ ತಲೆ ಬೋಳಾಯಿತು, ಕೋನಪ್ಪನ ಕೈ ತುಂಬಿತು. ತುಂಬಿದ್ದು ದಾರದಿಂದ.

ತಿರುಪತಿಯ ಕೆಂಪು ದಾರ, ಧರ್ಮಸ್ಥಳದ ಹಳದಿ, ಶನಿಮಹಾತ್ಮನ ಕಪ್ಪು, ಮುರುಗಮಲ್ಲದ ದರ್ಗಾದ ಹಸಿರು, ಆಲಂಬಗಿರಿಯ ಕೇಸರಿ. ಒಂದೊಂದಕ್ಕೂ ಒಂದೊಂದು ಕೆಲಸ. ಇದು ನಾಯಿ ಕಚ್ಚದಿರಲಿಕ್ಕೆ, ಇದು ಸ್ಕೂಟರ್ ಜಾರದಿರಲಿಕ್ಕೆ, ಇದು ಕೆಟ್ಟ ಕನಸಿಗೆ. ಪಕ್ಕದ ಮನೆಯವರು ಕಾಶಿಯಿಂದ ತಂದುಕೊಟ್ಟ ದಾರ ಯಾತಕ್ಕೆಂದು ಅವರೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಇರಲಿ, ಯಾವುದಾದರೂ ಒಂದಕ್ಕೆ ಬರುತ್ತದೆ ಎಂದು ಕಟ್ಟಿಕೊಂಡಿದ್ದ. ದಿನಾ ಸ್ನಾನದ ನೀರು, ವಾರ್ಡಿನ ನೀರು ಕುಡಿದು ಕುಡಿದು ಎಲ್ಲ ಬಣ್ಣಗಳೂ ಒಂದಾಗಿ, ಹಳೇ ಹುಣಿಸೆಹಣ್ಣಿನ ಉಂಡೆಯಂತೆ ಅದು ಮಣಿಕಟ್ಟಿನ ಮೇಲೆ ಕೂತಿರುತ್ತಿತ್ತು. ಇಷ್ಟು ವರ್ಷ ಕಾಯಿಲೆಯವರ ನಡುವೆ ಇದ್ದರೂ ತನಗೆ ನೆಗಡಿ ಕೂಡ ಬಂದಿಲ್ಲವೆಂದರೆ ಅದು ಈ ಉಂಡೆಯ ಮಹಿಮೆ ಎಂಬುದರಲ್ಲಿ ಕೋನಪ್ಪನಿಗೆ ಸಂಶಯವಿರಲಿಲ್ಲ.

ಕೆಲಸದಲ್ಲಿ ಅವನನ್ನು ದೂರುವಂತಿರಲಿಲ್ಲ. ಆಪರೇಷನ್ನಿಗೆ ಹೆದರಿ ಅಳುವವರನ್ನು ಸ್ಟ್ರೆಚರಿನಲ್ಲಿ ತಳ್ಳುತ್ತಾ, "ಏಮೀ ಕಾದು ಸಾಮಿ, ಏನೂ ಆಗಲ್ಲ, ಕಣ್ಮುಚ್ಚಿ ಬಿಡೋದ್ರೊಳಗೆ ಮುಗ್ದೋಗುತ್ತೆ" ಎಂದು ಅವನು ಹೇಳಿದರೆ ಅಳುತ್ತಿದ್ದವರು ನಗುತ್ತಾ ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಡಾಕ್ಟರಿಗೆ ಒಂದು ಆಸೆ ಹುಟ್ಟಿತು. ನರ್ಸಿಂಗ್ ಹೋಮಿಗೆ ಗುಣಮಟ್ಟದ ಸರ್ಟಿಫಿಕೇಟ್ ಬೇಕು. ಅದಕ್ಕೆ ಸೋಂಕು ಹರಡದಂತೆ ನೋಡಿಕೊಳ್ಳಲು ಒಬ್ಬರು ಸಿಸ್ಟರ್ ಬೇಕು. ಬಂದವಳು ಶಿಡ್ಲಘಟ್ಟದ ಸಂಘಮಿತ್ರ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಪಳಗಿದವಳು. ಮೆಲ್ಲಗೆ ಮಾತಾಡುತ್ತಿದ್ದಳು. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬಂದ ವಾರವೇ ಎಲ್ಲರನ್ನೂ ಸೇರಿಸಿ ಹೇಳಿದಳು: "ಇವತ್ತಿಂದ ಮೊಣಕೈ ಕೆಳಗೆ ಏನೂ ಇರಬಾರ್ದು. ವಾಚು, ಬಳೆ, ಉಂಗುರ, ದಾರ, ಯಾವ್ದೂ."

ಮೊದಲು ಡಾಕ್ಟರೇ ದಾರಿ ತೋರಿಸಬೇಕಾಯಿತು. ಮದುವೆಯಲ್ಲಿ ಹಾಕಿದ ಉಂಗುರ ಬೆರಳಿಗೆ ಬೇರುಬಿಟ್ಟಿತ್ತು. ಕೋನಪ್ಪ ಒಳ್ಳೆಣ್ಣೆ ಹಚ್ಚಿ ತಿರುಗಿಸಿ ಎಳೆದಾಗ ಅದು ಚಿಮ್ಮಿ ಔಷಧಿಯ ಬೀರುವಿನ ಕೆಳಗೆ ಹೋಯಿತು, ಡಾಕ್ಟರ್ ಮಂಡಿಯೂರಿ ಅದರ ಹಿಂದೆ ಹೋದರು. ಎಲ್ಲರೂ ಬಳೆ, ವಾಚು ಬಿಚ್ಚಿಟ್ಟರು. ಕೋನಪ್ಪ ಮಾತ್ರ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತ.

"ಸಿಸ್ಟರಮ್ಮ, ಬಳೆ ವಾಚು ಸರಿ. ಇದು ಒಡವೆ ಅಲ್ಲ, ಕಾವಲು."

"ಕೋನಪ್ಪಣ್ಣ, ಕೈ ಆದ್ರೆ ತೊಳೀಬೋದು. ದಾರಾನ ಹೆಂಗೆ ತೊಳೀತೀರ? ಯಾವಾಗ್ಲೂ ಒದ್ದೆ. ಒಬ್ಬರ ಗಾಯದ ಕ್ರಿಮಿ ಇದ್ರಲ್ಲಿ ಕೂತ್ಕೊಂಡು ಇನ್ನೊಬ್ಬರ ಹಾಸಿಗೆಗೆ ಬಸ್ಸಲ್ಲಿ ಬಂದಂಗೆ ಬರುತ್ತೆ."

"ಈ ಬಸ್ಸಿಗೆ ತಿರುಪತಿ ವೆಂಕಟರಮಣಸ್ವಾಮೀನೇ ಡ್ರೈವರು. ಕ್ರಿಮಿಗೆ ಹತ್ತೋಕೆ ಧೈರ್ಯ ಬರುತ್ತಾ?"

ಮಾರನೆಯ ದಿನ ಕೋನಪ್ಪನ ಮಣಿಕಟ್ಟು ಖಾಲಿಯಿತ್ತು. ಸಂಘಮಿತ್ರಳಿಗೆ ಸಂತೋಷವಾಯಿತು. ಆಮೇಲೆ ನೋಡಿದರೆ ಅಂಗಿಯ ತೋಳಿನೊಳಗೆ ಒಂದು ಉಬ್ಬು. "ಮೊಣಕೈ ಕೆಳಗೆ ಅಂದಿದ್ರಿ. ಇದು ಮೇಲೆ ಐತೆ" ಎಂದ ಕೋನಪ್ಪ. ನಿಯಮ ಅವಳದೇ.

ಆದರೆ ತೋಳಿಗೆ ಏರಿದ ದೇವರುಗಳು ಅಲ್ಲಿ ನಿಲ್ಲಲಿಲ್ಲ. ಹರ್ನಿಯಾ ಆಪರೇಷನ್ ಆಗಿದ್ದ ಮಂಡಿ ವ್ಯಾಪಾರಿ ಮುನಿಗಂಗಪ್ಪನನ್ನು ಕೋನಪ್ಪ ಎತ್ತಿ ಹಾಸಿಗೆಯ ಮೇಲೆ ಕೂರಿಸುವಾಗ, ದಾರದ ಉಂಡೆ ಸಡಿಲವಾಗಿ ಬಳೆಯಂತೆ ಉರುಳಿ ಬಂದು ಮಣಿಕಟ್ಟಿನಲ್ಲಿ ಕೂತಿತು.

"ಏ ಕೋನಪ್ಪಾ, ದೇವ್ರು ಇಳ್ದು ಬಂದ್ರು ಕಣೋ!" ಎಂದು ಮುನಿಗಂಗಪ್ಪ ನಕ್ಕ. ನಕ್ಕಿದ್ದೇ ಹೊಟ್ಟೆ ಹಿಡಿದುಕೊಂಡ. "ಅಯ್ಯಯ್ಯೋ, ನಗಿಸ್ಬೇಡ್ರಪ್ಪಾ, ಹೊಲಿಗೆ!"

ಬಾಗಿಲಲ್ಲಿ ಸಂಘಮಿತ್ರ ನಿಂತಿದ್ದಳು. ಹತ್ತಿ ಸುತ್ತಿದ ಕಡ್ಡಿಯೊಂದನ್ನು ತಂದು ದಾರದ ಮೇಲೆ ಒರೆಸಿಕೊಂಡು ಲ್ಯಾಬಿಗೆ ಹೋದಳು. ಎರಡು ದಿನ ಬಿಟ್ಟು ಕೋನಪ್ಪನನ್ನು ಕರೆದು ಒಂದು ಗಾಜಿನ ತಟ್ಟೆ ತೋರಿಸಿದಳು. ಅದರ ತುಂಬ ಬಿಳಿ, ಹಳದಿ, ಹಸಿರು ಚುಕ್ಕೆಗಳು ಬೆಳೆದಿದ್ದವು.

"ಎಷ್ಟು ಲಕ್ಷಣವಾಗೈತೆ, ರಂಗೋಲಿ ಇದ್ದಂಗೆ!" ಎಂದ ಕೋನಪ್ಪ. "ಇದ್ರಲ್ಲಿ ತಿರುಪತೀದು ಯಾವ್ದಮ್ಮ?"

"ತಿರುಪತೀದು ಯಾವ್ದೂ ಇಲ್ಲ. ಈ ಹಸಿರು ಗಾಯದ ಕೀವಿಂದು. ಈ ಬಿಳೀದು ಬೆಡ್‌ಪ್ಯಾನಿಂದು."

ಕೋನಪ್ಪ ತಟ್ಟೆ ನೋಡಿದ, ಕೈ ನೋಡಿದ. ಬೆಳಿಗ್ಗೆ ಅದೇ ಕೈಯಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅದ್ದಿ ತಿಂದಿದ್ದು ನೆನಪಾಯಿತು. ಬೆರಳು ಬೇರೆ ಚೀಪಿದ್ದ. ಅಲ್ಲೇ ಸ್ಟೂಲಿನ ಮೇಲೆ ಕೂತು, "ಕತ್ತರಿ ಕೊಡಮ್ಮ" ಎಂದ.

ಕತ್ತರಿಸಿದ ದಾರ ಕೈಗೆ ಬಂತು. ಹಾಕುವುದೆಲ್ಲಿ? ಸಂಘಮಿತ್ರ ಆಸ್ಪತ್ರೆ ಕಸದ ಹಳದಿ ಚೀಲ ತೋರಿಸಿದಳು. "ದೇವ್ರುನ್ನ ಬ್ಯಾಂಡೇಜ್ ಜೊತೆ ಹಾಕ್ತೀರಾ?" ಎಂದು ಕೋನಪ್ಪ ಹೌಹಾರಿದ. ಹೆಂಡತಿ ವೆಂಕಟರತ್ನಮ್ಮನಿಗೆ ಫೋನ್ ಮಾಡಿದ. "ಹರಿಯೋ ನೀರಲ್ಲಿ ಬಿಡಬೇಕು. ಅಷ್ಟೂ ಗೊತ್ತಿಲ್ವಾ?" ಎಂದು ಅವಳು ಫೋನ್ ಇಟ್ಟಳು. ಬೇಸಿಗೆಯ ಚಿಂತಾಮಣಿಯಲ್ಲಿ ಹರಿಯುವ ನೀರನ್ನು ಎಲ್ಲಿಂದ ತರುವುದು? ಕೆರೆಯಂಗಳದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಊರಲ್ಲಿ ನಿಜವಾಗಿ ಹರಿಯುತ್ತಿದ್ದುದು ವಾರ್ಡಿನ ಬಾಗಿಲಲ್ಲಿ ಹೊಸದಾಗಿ ಹಾಕಿಸಿದ್ದ ಕೈ ತೊಳೆಯುವ ನಲ್ಲಿಯೊಂದೇ. ಕೋನಪ್ಪ ದಾರಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಒಣಗಿಸಿ, ಮುಂದಿನ ಸಲ ತಿರುಪತಿಗೆ ಹೋಗುವವರೆಗೂ ಇರಲಿ ಎಂದು ಭಕ್ತಿಯಿಂದ ಆ ನಲ್ಲಿಯ ಪೈಪಿಗೆ ಕಟ್ಟಿದ. ಆ ಹೊತ್ತಿಗೆ ಸಂಘಮಿತ್ರ ಡಾಕ್ಟರ ಕೋಣೆಯಲ್ಲಿದ್ದಳು. ಆಮೇಲೆ ನೋಡಿದರೂ, ಕೈಯಿಂದ ಇಳಿಯಿತಲ್ಲ ಎಂದು ಸುಮ್ಮನಾದಳು.

ಆ ನಲ್ಲಿಯನ್ನು ಅಲ್ಲಿಯವರೆಗೆ ರೋಗಿಗಳ ಕಡೆಯವರು ಯಾರೂ ತಿರುಗಿ ನೋಡಿರಲಿಲ್ಲ. "ಕೈ ತೊಳೆದು ಒಳಗೆ ಬನ್ನಿ" ಎಂಬ ಬೋರ್ಡಿನ ಕೆಳಗೇ ಚಪ್ಪಲಿ ಬಿಟ್ಟು ಸೀದಾ ಒಳಗೆ ನುಗ್ಗುತ್ತಿದ್ದರು. ಮಗಳ ಬಾಣಂತನಕ್ಕೆ ಬಂದಿದ್ದ ಆಂಜಿನಮ್ಮನ ಕಣ್ಣಿಗೆ ಮೊದಲು ದಾರ ಬಿತ್ತು.

"ಇದ್ಯಾವ ದೇವ್ರಪ್ಪಾ, ಕೋನಪ್ಪ?"

"ದೇವ್ರಲ್ಲಮ್ಮ, ನಲ್ಲಿ. ಸೋಪು ಹಚ್ಚಿ ಕೈ ತೊಳ್ಕೊಂಡು ಹೋದ್ರೆ ಮಗೂಗೂ ಬಾಣಂತಿಗೂ ಒಳ್ಳೇದು."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಂಜಿನಮ್ಮ ಮೊಣಕೈವರೆಗೆ ತೊಳೆದಳು, ಕಣ್ಣಿಗೊತ್ತಿಕೊಂಡಳು, ಒಳಗೆ ಹೋಗಿ ವಾರ್ಡಿಗೆಲ್ಲ ಹೇಳಿದಳು. ಸಂಜೆಯ ಹೊತ್ತಿಗೆ ನಲ್ಲಿಯ ಮುಂದೆ ಸಾಲು ನಿಂತಿತ್ತು. ಮುನಿಗಂಗಪ್ಪ ಮಂಡಿಗೆ ವಾಪಸು ಹೋಗಿ, ತನ್ನ ಹೊಲಿಗೆ ಕೀವಾಗದೆ ಒಣಗಿದ್ದು ಆ ನಲ್ಲಿಯಿಂದಲೇ ಎಂದು ಟೊಮೆಟೊ ಹರಾಜಿನ ನಡುವೆ ಸಾರಿದ.

ಸೋಪು ಖಾಲಿಯಾಗುವ ವೇಗ ಕಂಡು ಸಂಘಮಿತ್ರ ಹಿಗ್ಗಿದಳು. ಬೆಂಗಳೂರಿನಲ್ಲೂ ಜನ ಇಷ್ಟು ಕೈ ತೊಳೆದಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ನಲ್ಲಿಯ ಹಣೆಗೆ ಕುಂಕುಮ ಬಂತು. ಒರೆಸಿದಳು. ಚೆಂಡುಹೂವು ಬಂತು. ತೆಗೆದಳು. ನಿಂಬೆಹಣ್ಣು ಬಂತು. ಒಬ್ಬಾತ ಸೋಪಿನ ನೀರನ್ನು ಬಾಟಲಿಗೆ ಹಿಡಿದುಕೊಂಡು ಮನೆಯವರಿಗೆ ತೀರ್ಥ ಎಂದು ಹೊರಟಾಗ ಕೋನಪ್ಪನೇ ಓಡಿಹೋಗಿ ಕಿತ್ತುಕೊಂಡ.

"ಏನ್ರೀ ಇದು, ಕೋನಪ್ಪಣ್ಣ?"

"ನಾನೇನೂ ಮಾಡ್ಲಿಲ್ಲ ಸಿಸ್ಟರಮ್ಮ. ಅವ್ರೇ ನಂಬ್ಕೊಂಡ್ರು." ಒಳಗೊಳಗೆ ಅವನಿಗೆ ಹೆಮ್ಮೆಯೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಅಷ್ಟರಲ್ಲಿ ಸರ್ಟಿಫಿಕೇಟ್ ಕೊಡುವ ತನಿಖೆಯವರು ಬಂದರು. ಒಬ್ಬರು ಹಿರಿಯ ಡಾಕ್ಟರಮ್ಮ, ಜೊತೆಗೆ ಸೂಟು ತೊಟ್ಟ ಒಬ್ಬ ಮಹಾಶಯರು. ಹಾಸಿಗೆ ನೋಡಿದರು, ಕಸದ ಚೀಲ ನೋಡಿದರು, ಎಲ್ಲ ಸರಿಯಾಗಿತ್ತು. ಡಾಕ್ಟರ್ ಅಚ್ಯುತ್ ಉಸಿರು ಬಿಡುವಷ್ಟರಲ್ಲಿ ಹೊಸ ಪಂಚೆಯುಟ್ಟ ಮುನಿಗಂಗಪ್ಪ ಕೈಯಲ್ಲಿ ಬುಟ್ಟಿ ಹಿಡಿದು ಬಂದ. ಬುಟ್ಟಿಯಲ್ಲಿ ಹುಂಜ. ನಲ್ಲಿಗೆ ಹರಕೆ.

"ಮುನಿಗಂಗಪ್ಪಣ್ಣಾ, ಹೊರಗೆ, ಹೊರಗೆ!" ಎಂದು ಕೋನಪ್ಪ ಅಡ್ಡ ಬಂದ. ಗಾಬರಿಯಲ್ಲಿ ಬುಟ್ಟಿ ಬಿತ್ತು. ಹುಂಜ ಹಾರಿ ಗಾಲಿಕುರ್ಚಿಯ ಮೇಲೆ ಕೂತಿತು. ಕುರ್ಚಿ ತಾನಾಗಿ ಉರುಳಿ ವಾರ್ಡಿನ ನಡುವೆ ಮೆರವಣಿಗೆ ಹೊರಟಿತು. ನರ್ಸುಗಳು ಚೆಲ್ಲಾಪಿಲ್ಲಿಯಾದರು, ಸೂಟಿನವರು ಸ್ಟೂಲಿನ ಮೇಲೆ ಕೂತು ಎರಡೂ ಕಾಲನ್ನು ಎತ್ತಿಕೊಂಡರು. ಕೋನಪ್ಪ ಒಂದು ಬೆಡ್‌ಶೀಟ್ ಬೀಸಿ, ಅದರ ಮೇಲೆ ಬಿದ್ದು, ಹುಂಜವನ್ನು ಹಿಡಿದೇ ಬಿಟ್ಟ.

ಹಿಡಿದ ಮೇಲೆ ಅವನಿಗೆ ಜ್ಞಾನೋದಯವಾಯಿತು: ತಾನು ವಾರ್ಡಿನೊಳಗೆ ಕೊಳಕು ಕೈಯಲ್ಲಿ ನಿಂತಿದ್ದೇನೆ! ಹತ್ತಿರದಲ್ಲಿದ್ದವರು ಸೂಟಿನವರೇ.

"ಸಾರ್, ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ಹುಂಜವನ್ನು ಅವರ ತೋಳಿಗೆ ಕೊಟ್ಟು, ನಲ್ಲಿಯ ಬಳಿ ಹೋಗಿ, ಸೋಪು ಹಚ್ಚಿ, ಅಂಗೈ, ಮುಂಗೈ, ಬೆರಳಸಂದಿ, ಉಗುರು, ಹೆಬ್ಬೆರಳು, ಒಂದನ್ನೂ ಬಿಡದೆ ಸಾವಕಾಶವಾಗಿ ಉಜ್ಜಿದ. ಸಂಘಮಿತ್ರ ಕಲಿಸಿದ್ದರಲ್ಲಿ ಒಂದೂ ತಪ್ಪಲಿಲ್ಲ. ಆಮೇಲೆ ತಿರುಗಿ, "ಈಗ ನೀವೂ ತೊಳ್ಕೋಬೇಕು ಸಾರ್" ಎಂದ.

ಡಾಕ್ಟರಮ್ಮ ಗೋಡೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೂ ಸರ್ಟಿಫಿಕೇಟ್ ಕೊಡಲಿಲ್ಲ. "ಕೈ ತೊಳೆಯೋದು ನಾನು ಎಲ್ಲೂ ಇಷ್ಟು ಚೆನ್ನಾಗಿ ನೋಡಿಲ್ಲ. ಕೋಳಿಯನ್ನೂ ಎಲ್ಲೂ ನೋಡಿಲ್ಲ. ಮಳೆಗಾಲ ಮುಗೀಲಿ, ಮತ್ತೆ ಬರ್ತೀವಿ" ಎಂದು ಹೊರಟರು. ಸೂಟಿನವರು ಕೋಟು ಬಿಚ್ಚಿ ಕೈಯಲ್ಲಿ ದೂರ ಹಿಡಿದು ಕಾರು ಹತ್ತಿದರು.

ಡಾಕ್ಟರು ಕೋನಪ್ಪನಿಗೆ ಎರಡು ದಿನ ರಜೆ ಕೊಟ್ಟು, ದಾರಗಳನ್ನು ತಿರುಪತಿಗೆ ಸಾಗಿಸಿ ಬಾ ಎಂದು ಕಳಿಸಿದರು. ದಾರ ಹೋದರೆ ಜನ ಮತ್ತೆ ಕೈ ತೊಳೆಯುವುದಿಲ್ಲ ಎಂಬ ಚಿಂತೆ ಸಂಘಮಿತ್ರಳಿಗೆ. ಅದಕ್ಕೆ ಕೋನಪ್ಪ ವಾಪಸು ಬಂದ ಮೇಲೆ ಅವನನ್ನೇ ದಿನಾ ಸಂಜೆ ನಲ್ಲಿಯ ಪಕ್ಕ ನಿಲ್ಲಿಸಿದಳು. "ಹೆಬ್ಬೆರಳು ಬಿಟ್ರಲ್ಲ ಸಾಮಿ, ಅದೇನು ಪಾಪ ಮಾಡಿತ್ತು?" ಎಂದು ಅವನು ಗದರಿದರೆ ಎಂಥ ಗೌಡನೂ ಮತ್ತೆ ಸೋಪು ಹಚ್ಚುತ್ತಿದ್ದ. ದೀಪಾವಳಿ ಕಳೆದ ಮೇಲೆ ಡಾಕ್ಟರಮ್ಮ ಒಬ್ಬರೇ ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟರು.

ಕೋನಪ್ಪನನ್ನು ಮಾತ್ರ ಕೈ ತೊಳೆಸುವ ಈ ಚಟ ಬಿಡಲಿಲ್ಲ. ಕೈವಾರದ ಹತ್ತಿರ ನೆಂಟರ ಮದುವೆಯಲ್ಲಿ, ಛತ್ರದ ಊಟದ ಹಾಲಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬೆರಳಸಂದಿಯನ್ನೂ ಪರೀಕ್ಷಿಸತೊಡಗಿದ. ಒಳಗೆ ಎಲೆಯ ಮೇಲೆ ಸಾರು ಆರುತ್ತಿತ್ತು, ಹೊರಗೆ ಬೀಗರು ಸೋಪಿನ ಕೈ ಎತ್ತಿಕೊಂಡು ನಿಂತಿದ್ದರು. ಕೊನೆಗೆ ವೆಂಕಟರತ್ನಮ್ಮ ಬಂದು, "ಬಾ ಇಲ್ಲಿ, ಮಾನ ಕಳೀತೀಯ" ಎಂದು ಅವನ ಕೈ ಹಿಡಿದು ಪಂಕ್ತಿಯ ಕಡೆಗೆ ಎಳೆದಳು.

"ಅಯ್ಯೋ, ಮುಟ್ಟಿಬಿಟ್ಯಲ್ಲೇ!" ಎಂದು ಕೋನಪ್ಪ ಮತ್ತೆ ನಲ್ಲಿಯ ಕಡೆಗೆ ತಿರುಗಿದ.