ಸರ್ವೋ ಸಾಹೇಬರು

ಜಯಸಿಂಹ ಸಾಹೇಬರು ಮೆಷಿನ್ನನ್ನು ಮುಟ್ಟಬೇಕಾಗಿ ಬಂದರೆ ಮೊದಲು ಜೇಬಿನಿಂದ ಕರವಸ್ತ್ರ ತೆಗೆಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ. ಅದನ್ನು ಬೆರಳಿಗೆ ಸುತ್ತಿಕೊಂಡು, ಯಾರೋ ಉಗುಳಿದ ಜಾಗ ಮುಟ್ಟುವವರಂತೆ ಹಿಡಿಯನ್ನು ಒಮ್ಮೆ ಮುಟ್ಟಿ, ಕೊಳೆಯಾದ ಬದಿ ಒಳಗೆ ಬರುವ ಹಾಗೆ ಮಡಿಸಿ ಮತ್ತೆ ಜೇಬಿಗೆ ಸೇರಿಸುವರು. ಇವರು ಯಂತ್ರ ತಯಾರಿಸುವ ಕಾರ್ಖಾನೆಯ ಇಂಜಿನಿಯರು. ಅವರನ್ನು ನಾನು ಬಹುವಚನದಲ್ಲಿ ಕರೆಯುತ್ತಿರುವುದು ಅಭ್ಯಾಸಬಲದಿಂದ. ಅದರಲ್ಲಿ ಗೌರವವನ್ನೇನೂ ಹುಡುಕಬೇಡಿ.

ಅದು ಅರವತ್ತರ ದಶಕದ ಕೊನೆ. ಯಶವಂತಪುರ ದಾಟಿ ಹೋದರೆ ಇನ್ನೂ ರಾಗಿ ಹೊಲಗಳಿದ್ದ ಕಾಲ. ಆ ಹೊಲಗಳ ಆಚೆಗಿದ್ದ ನಮ್ಮ ಕಾರ್ಖಾನೆಯಲ್ಲಿ ನಾನು ಎಲೆಕ್ಟ್ರಿಕಲ್ ವಿಭಾಗದವನು, ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ್ದೆ. ರಂಧ್ರ ಹೊಡೆದ ಕಾಗದದ ಪಟ್ಟಿಯನ್ನು ಓದಿಕೊಂಡು ತನ್ನಷ್ಟಕ್ಕೆ ತಾನೇ ಕೆಲಸ ಮಾಡುವ ಯಂತ್ರಗಳು ಆಗಷ್ಟೇ ಬರತೊಡಗಿದ್ದವು. ಅವುಗಳ ವಿದ್ಯೆ ಕಲಿತು ಬರಲೆಂದು ಸಾಹೇಬರನ್ನು ನಾಲ್ಕು ತಿಂಗಳು ವಿದೇಶಕ್ಕೆ ಕಳಿಸಿದ್ದರು. ಅವರು ಅಲ್ಲಿಂದ ತಂದದ್ದು ಎರಡು: ಒಂದು ಓವರ್‌ಕೋಟು, ಇನ್ನೊಂದು ‘ಅಲ್ಲಿ’ ಎಂಬ ಮಾತು. ಅಲ್ಲಿ ಹೀಗಲ್ಲ, ಅಲ್ಲಿ ನೆಲದ ಮೇಲೆ ಎಣ್ಣೆ ಬಿದ್ದಿರುವುದಿಲ್ಲ, ಅಲ್ಲಿ ಆಪರೇಟರ್ ಎಂದರೆ ಗುಂಡಿ ಒತ್ತುವವನು ಅಷ್ಟೇ. ದಿನಕ್ಕೆ ಹತ್ತು ಸಲ ‘ಸರ್ವೋ’ ಎನ್ನುತ್ತಿದ್ದುದರಿಂದ ಶಾಪಿನವರು ಅವರಿಗೆ ಸರ್ವೋ ಸಾಹೇಬರು ಎಂದು ಹೆಸರಿಟ್ಟರು. ಅದನ್ನವರು ಬಿರುದು ಎಂದುಕೊಂಡಿದ್ದರೋ ಏನೋ, ಕೇಳಿಸಿಕೊಂಡರೂ ಸಿಟ್ಟಾಗುತ್ತಿರಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಸರ್ವೋ ಎಂದರೇನು ಎಂದು ನಾನು ತಿಳಿದದ್ದು ಅವರಿಂದಲೇ. ಹಲಗೆಯ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಒಂದು ಪ್ಲಸ್ಸು, ಒಂದು ಮೈನಸ್ಸು ಹಾಕಿ ಸೊಗಸಾಗಿ ವಿವರಿಸಿದ್ದರು. ಮೋಟಾರು ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದನ್ನು ಅದರ ಬೆನ್ನಿಗಿರುವ ಪುಟ್ಟ ಜನರೇಟರು ಕಂಟ್ರೋಲ್ ಪೆಟ್ಟಿಗೆಗೆ ಹೇಳುತ್ತಲೇ ಇರುತ್ತದೆ. ಹೆಚ್ಚಾಯಿತು ಎಂದರೆ ಪೆಟ್ಟಿಗೆ ತಗ್ಗಿಸುತ್ತದೆ, ಕಡಿಮೆಯಾಯಿತು ಎಂದರೆ ಏರಿಸುತ್ತದೆ. ಅಕ್ಷರ ಮುತ್ತಿನಂತಿತ್ತು. ಆಮೇಲೆ ತಿಳಿಯಿತು, ಅವರಿಗೆ ಗೊತ್ತಿದ್ದದ್ದು ಆ ಒಂದು ಚಿತ್ರ ಮಾತ್ರ. ಯಾವ ಯಂತ್ರ ಕೆಟ್ಟರೂ ಅದನ್ನೇ ಬರೆಯುತ್ತಿದ್ದರು.

ಮೊದಲು ಬಂದ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಸರ್ವೋ ಇರಲೇ ಇಲ್ಲ, ಸ್ಟೆಪ್ಪರ್ ಮೋಟಾರಿತ್ತು. ಪೆಟ್ಟಿಗೆ ಒಂದು ಮಿಡಿತ ಕಳಿಸಿದರೆ ಅದು ಒಂದು ಹೆಜ್ಜೆ ತಿರುಗುತ್ತದೆ. ತಿರುಗಿತೋ ಇಲ್ಲವೋ ಎಂದು ವಿಚಾರಿಸುವವರು ಯಾರೂ ಇಲ್ಲ. ಒಂದು ವಾರವಾಗುವುದರೊಳಗೆ ರಂಧ್ರಗಳು ಜಾಗ ತಪ್ಪತೊಡಗಿದವು, ಕೊರೆಯುವ ತಗಡಿನ ಕೊನೆಗೆ ಬರುವಷ್ಟರಲ್ಲಿ ಕೂದಲೆಳೆಯ ತಪ್ಪು ಬೆರಳಗಲವಾಗುತ್ತಿತ್ತು. ಸಾಹೇಬರು ಕಾಗದದ ಪಟ್ಟಿಯನ್ನು ಬೈದರು, ಪಟ್ಟಿಗೆ ರಂಧ್ರ ಹೊಡೆದವನನ್ನು ಬೈದರು, ಊರಿನ ಧೂಳನ್ನೂ ಬೈದರು.

ಆ ಮೆಷಿನ್ನಿನ ಆಪರೇಟರ್ ಮುನಿಯಪ್ಪ, ಮತ್ತಿಕೆರೆಯವನು. ಕಾರ್ಖಾನೆ ಶುರುವಾದಾಗಿನಿಂದ ಲೇತು, ಮಿಲ್ಲಿಂಗ್ ಎಲ್ಲ ನಡೆಸಿ ಬಂದವನು, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಎರಡು ದಿನ ಮೆಷಿನ್ನಿನ ಪಕ್ಕ ತಲೆ ವಾಲಿಸಿಕೊಂಡು ನಿಂತಿದ್ದು, ಮೂರನೆಯ ದಿನ ಹೇಳಿದ, “ಸಾಮಿ, ಇದು ಮಧ್ಯೆ ಮಧ್ಯೆ ಒಂದೊಂದು ಎಜ್ಜೆ ನುಂಗ್ತಾ ಅದೆ. ಸದ್ದಲ್ಲೇ ಗೊತ್ತಾಯ್ತದೆ.”

ಸಾಹೇಬರು ಅವನತ್ತ ನೋಡಲಿಲ್ಲ, ನನ್ನತ್ತ ನೋಡಿ ನಕ್ಕರು. “ಇದು ಕಿವೀಲಿ ಮಾಡೋ ಕೆಲಸ ಅಲ್ಲ ಕಣಯ್ಯಾ, ಥಿಯರೀಲಿ ಮಾಡೋ ಕೆಲಸ” ಎಂದರು.

ಅವರು ಊಟಕ್ಕೆ ಹೋದಾಗ ಮುನಿಯಪ್ಪ, ತಗಡನ್ನು ಹೊತ್ತು ಸರಿಯುವ ಟೇಬಲ್ಲಿನ ಪಕ್ಕದ ಬಿಗಿಪಟ್ಟಿಯನ್ನು ಸ್ವಲ್ಪ ಸಡಿಲಿಸಿ ಎಣ್ಣೆ ಹಾಕಿದ. ಟೇಬಲ್ಲು ಹಿಡಿದುಕೊಳ್ಳುತ್ತಿತ್ತು, ಮೋಟಾರಿಗೆ ಎಳೆಯಲಾಗದೆ ಹೆಜ್ಜೆ ತಪ್ಪುತ್ತಿತ್ತು, ಅಷ್ಟೇ. ಮಧ್ಯಾಹ್ನದಿಂದ ರಂಧ್ರಗಳು ತಮ್ಮ ತಮ್ಮ ಜಾಗದಲ್ಲಿ ಬಿದ್ದವು. ಸಾಹೇಬರು ಆರು ಪುಟದ ವರದಿ ಬರೆದರು. ಅದರಲ್ಲಿ ಮಿಡಿತದ ವೇಗದ ಬಗ್ಗೆ ಐದು ಪುಟವಿತ್ತು. ಮುನಿಯಪ್ಪನ ಹೆಸರು ಎಲ್ಲೂ ಇರಲಿಲ್ಲ. ಅದನ್ನು ಓದಿ ನಾವು ಕ್ಯಾಂಟೀನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಂಥವರ ಬಗ್ಗೆ ನಗುವುದು ಸುಲಭ. ನಕ್ಕು ಮುಗಿಸಿದರೆ ನಮ್ಮ ಕೆಲಸ ಮುಗಿಯಿತು ಎನಿಸುತ್ತದೆ.

ಮರುವರ್ಷ ನಿಜವಾದ ಸರ್ವೋ ಇದ್ದ ದೊಡ್ಡ ಮಿಲ್ಲಿಂಗ್ ಮೆಷಿನ್ನು ಬಂತು, ಅದಕ್ಕೂ ಮುನಿಯಪ್ಪನೇ ಆಪರೇಟರ್. ಅದನ್ನು ನೋಡಲು ದೆಹಲಿಯಿಂದ ಅತಿಥಿಗಳು ಬರುವವರಿದ್ದರು. ಟೇಬಲ್ಲು ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು. ಒಂದೆರಡು ದಿನ ಕೊಡಿ, ಹೊಂದಿಸುತ್ತೇನೆ ಎಂದು ನಾನು ಹೇಳಿದ್ದೆ. ಮರುದಿನ ಬೆಳಿಗ್ಗೆ ನಾನು ಟೀ ಕುಡಿಯಲು ಹೋದಾಗ, ಸಾಹೇಬರಿಗೆ ಹಲಗೆಯ ಮೇಲಿನ ತಮ್ಮ ಮೈನಸ್ ಗುರುತು ನೆನಪಾಯಿತಂತೆ. ಜೀವಮಾನದಲ್ಲಿ ಮೊದಲ ಬಾರಿಗೆ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಬಾಗಿಲು ತೆಗೆದರು. ಪುಟ್ಟ ಜನರೇಟರಿನಿಂದ ಬರುವ ಎರಡು ತಂತಿಗಳನ್ನು ಅದಲುಬದಲು ಮಾಡಿದರು. ಹಾಗೆ ಮಾಡಿದರೆ ವೇಗ ಹೆಚ್ಚಾದಾಗ ಪೆಟ್ಟಿಗೆ ಕಡಿಮೆಯಾಯಿತೆಂದು ತಿಳಿದು ಇನ್ನೂ ಏರಿಸುತ್ತದೆ. ಅವರದೇ ಚಿತ್ರವನ್ನು ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಮುನಿಯಪ್ಪ ಟೇಬಲ್ಲಿನ ಕೊನೆಯಲ್ಲಿ ಲೋಹದ ಚೂರು ಒರೆಸುತ್ತಿದ್ದ. ಅವನಿಗೊಂದು ಮಾತು ಹೇಳದೆ ಇವರು ಸ್ವಿಚ್ಚು ಹಾಕಿದರು.

ಸದ್ದು ಕ್ಯಾಂಟೀನಿಗೇ ಕೇಳಿಸಿತು. ನಾನು ಓಡಿ ಬಂದಾಗ ಯಾರೋ ಮೇನ್ ಸ್ವಿಚ್ಚು ತೆಗೆದಿದ್ದರು. ಟೇಬಲ್ಲು ಹೋಗಿ ಮೆಷಿನ್ನಿನ ಕೊನೆಯಲ್ಲಿದ್ದ ತಡೆಗಂಬಕ್ಕೆ ಬಡಿದು ನಿಂತಿತ್ತು. ನಡುವೆ ಸಿಕ್ಕ ಮುನಿಯಪ್ಪನ ಬಲಗೈಯ ಎರಡು ಬೆರಳು ಹೋಗಿದ್ದವು. ಅವನನ್ನು ವ್ಯಾನಿಗೆ ಹತ್ತಿಸಿದರು. ಎಲ್ಲರೂ ವ್ಯಾನಿನ ಕಡೆ ಹೋದಾಗ ಸಾಹೇಬರು ನನ್ನನ್ನು ಪೆಟ್ಟಿಗೆಯ ಹತ್ತಿರ ಕರೆದರು. ಮುಖದಲ್ಲಿ ರಕ್ತವಿರಲಿಲ್ಲ, ಆದರೆ ಬುದ್ಧಿ ಮಾತ್ರ ಚುರುಕಾಗಿತ್ತು.

“ಮೂರ್ತಿ, ಈ ಎರಡು ವೈರ್‌ನ ಮೊದಲಿದ್ದ ಹಾಗೇ ಹಾಕ್ಬಿಡು. ಗೊತ್ತಿಲ್ದೆ ಇನ್ಯಾರಾದ್ರೂ ಕರೆಂಟ್ ಕೊಟ್ರೆ ಅಪಾಯ.”

ಮಾತು ಸರಿಯಾಗಿಯೇ ಇತ್ತು. ನಾನು ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಬಾಗಿಲು ಮುಚ್ಚುವಾಗ ನಾನು ಮಾಡಿದ್ದೇನು ಎಂಬುದು ಹೊಳೆಯಿತು. ಮತ್ತೆ ಬಾಗಿಲು ತೆಗೆಯಲಿಲ್ಲ.

ವಿಚಾರಣೆಯಲ್ಲಿ ಮುನಿಯಪ್ಪ, ಸಾಹೇಬರು ಪೆಟ್ಟಿಗೆಯ ಬಾಗಿಲು ತೆಗೆದದ್ದನ್ನು ಕಂಡೆನೆಂದು ಹೇಳಿದ. ಪರೀಕ್ಷೆ ಮಾಡಲು ತೆಗೆದೆ, ಆಪರೇಟರ್ ಗುಂಡಿ ಒತ್ತಿದ್ದರಿಂದ ಹೀಗಾಯಿತು ಎಂದು ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು. ಮ್ಯಾನೇಜರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ವೈರಿಂಗ್ ಸರಿಯಾಗಿದೆಯೇ ಎಂದು. ಸರಿಯಾಗಿದೆ ಎಂದೆ. ಆ ಗಳಿಗೆಯಲ್ಲಿ ಅದು ಸತ್ಯವೇ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಅದಕ್ಕೆ ಶಿಫಾರಸು ಬರೆಯಬೇಕಾದವರು ಜಯಸಿಂಹ ಸಾಹೇಬರು. ‘ಆಪರೇಟರನ ಅಜಾಗರೂಕತೆ’ ಎಂದು ಫೈಲು ಮುಗಿಯಿತು. ಆಸ್ಪತ್ರೆಯಿಂದ ಬಂದ ಮುನಿಯಪ್ಪನನ್ನು ಟೂಲ್ ಸ್ಟೋರಿಗೆ ಹಾಕಿದರು. ಮೆಷಿನ್ನಿನ ಸದ್ದು ಕೇಳಿ ರೋಗ ಹೇಳುತ್ತಿದ್ದವನು ಕಿಟಕಿಯ ಹಿಂದೆ ಕುಳಿತು ಎಡಗೈಯಲ್ಲಿ ಡ್ರಿಲ್ ಬಿಟ್‌ಗಳನ್ನು ಎಣಿಸಿ ಕೊಡತೊಡಗಿದ. ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಿದ್ದ. ಅದನ್ನು ತಡೆದುಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಮೆಷಿನ್ನನ್ನು ರಿಪೇರಿ ಮಾಡಿದ ಮೇಲೆ ಅತಿಥಿಗಳು ಬಂದರು, ಚಪ್ಪಾಳೆ ತಟ್ಟಿದರು. ವರ್ಷ ತುಂಬುವುದರೊಳಗೆ ಸಾಹೇಬರಿಗೆ ಬಡ್ತಿಯಾಗಿ ಬೇರೆ ಊರಿನ ಹೆಡ್ ಆಫೀಸಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಶಾಪಿನಲ್ಲೇ ಕುರ್ಚಿ ಹಾಕಿ, ಹಾರ ಹಾಕಿ, ಉಪ್ಪಿಟ್ಟು ಕೊಟ್ಟರು. ಅಂದು ಎಲ್ಲರೆದುರು ಹೇಳಿಬಿಡಬೇಕೆಂದು ನಾನು ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವರು ಸಾಲಾಗಿ ಕೈಕುಲುಕುತ್ತ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. “ನೀನು ನಂಬಿಕಸ್ಥ ಕಣಯ್ಯಾ ಮೂರ್ತಿ. ಮುಂದಕ್ಕೆ ಬರ್ತೀಯ” ಎಂದರು.

ನಾನು “ಥ್ಯಾಂಕ್ಯೂ ಸರ್” ಎಂದೆ.

ಕಾರು ಹೋದ ಮೇಲೆ ಟೂಲ್ ಸ್ಟೋರಿನ ಕಿಟಕಿಗೆ ಹೋದೆ. ಮುನಿಯಪ್ಪ ಬೀಳ್ಕೊಡುಗೆಗೆ ಬಂದಿರಲಿಲ್ಲ.

“ಓದ್ರಾ?” ಎಂದು ಕೇಳಿದ.

ಹೋದರು ಎಂದೆ.

“ಏನಂದ್ರು ನಿಮಗೆ?”

ಸುಳ್ಳು ಹೇಳಲು ಅಂದು ನನ್ನಲ್ಲಿ ಚೈತನ್ಯವಿರಲಿಲ್ಲ. ನಂಬಿಕಸ್ಥ ಎಂದರು ಎಂದೆ.

ಮುನಿಯಪ್ಪ ಕೈಯಲ್ಲಿದ್ದ ಬಿಟ್ಟನ್ನು ಅದರ ಗೂಡಿಗೆ ಹಾಕಿದ. ನನ್ನನ್ನು ನೋಡಲಿಲ್ಲ.

“ಇಷ್ಟು ವರ್ಸದಲ್ಲಿ ಸಾಯೇಬ್ರು ಅದೊಂದನ್ನ ಸರಿಯಾಗಿ ಅಳೆದವ್ರೆ, ಮೂರ್ತಿಯೋರೆ” ಎಂದ.