ತಿರುಗಿಸುವುದಕ್ಕೆ ಬೇರೆ ರೊಕ್ಕ

ಒದ್ದೆಯಾದ ಲೈಫ್ ಜಾಕೆಟ್ಟಿಗೆ ಅದರದೇ ಒಂದು ವಾಸನೆಯಿದೆ. ನೂರಾರು ಜನರ ಮೈಗೆ ಹತ್ತಿ, ಅರ್ಧ ಒಣಗಿ, ಮತ್ತೆ ನೆನೆದು, ಬಿಸಿಲಿನಲ್ಲಿ ಗೂಟಕ್ಕೆ ನೇತುಬಿದ್ದ ದಪ್ಪ ಬಟ್ಟೆಯ ವಾಸನೆ. ಅದನ್ನು ಪರಿಮಳ ಎಂದರೆ ನೀವು ನಗುತ್ತೀರಿ. ಆದರೂ ಮೊನ್ನೆ ಒಂದು ಥೀಮ್ ಪಾರ್ಕಿನ ಪಾಳಿಯಲ್ಲಿ ನಿಂತು ಆ ವಾಸನೆಯನ್ನು ಒಳಗೆಳೆದುಕೊಂಡಾಗ ಕಾಲ ಕೆಳಗಿನ ಸಿಮೆಂಟು ಮೆಲ್ಲಗೆ ಅಲುಗಾಡಿದಂತಾಯಿತು. ಎದುರಿಗೆ ನೀಲಿ ಬಣ್ಣ ಬಳಿದ ಕಾಲುವೆ, ಅದರಲ್ಲಿ ಪಂಪು ದೂಡುವ ನೀರು, ನೀರಿನ ಮೇಲೆ ಗುಂಡನೆಯ ರಬ್ಬರು ದೋಣಿಗಳು. ಒಂದೊಂದರಲ್ಲೂ ಆರಾರು ಜನ ಕೂತು ತಿರುಗುತ್ತ ಬರುತ್ತಿದ್ದರು, ತಿರುಗುತ್ತ ಹೋಗುತ್ತಿದ್ದರು. ನಾನು ಮಾತ್ರ ಮುಕ್ಕಾಲು ತಾಸಿನಿಂದ ಒಂದೇ ಕಂಬದ ಪಕ್ಕದಲ್ಲಿದ್ದೆ.

ಗಂಗಾವತಿಯಿಂದ ನಾವು ನಾಲ್ಕಾರು ಮಾಸ್ತರರ ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡು ಹೋಗಿದ್ದೆವು. ಬಾಗಿಲಲ್ಲೇ ದರದ ಹಲಗೆ. ಒಳಗೆ ಬರುವುದಕ್ಕೆ ಒಂದು ದರ. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದರೆ ನೀವೂ ನನ್ನಂಥವರೇ. ಪಾಳಿ ಇಲ್ಲದೆ ನೇರ ಮುಂದೆ ಹೋಗಲು ಬಂಗಾರದ ಬಣ್ಣದ ಕೈಪಟ್ಟಿ, ಅದಕ್ಕೆ ಬೇರೆ. ಒಂದು ಕೊಡೆ ಮತ್ತು ಎರಡು ಕುರ್ಚಿಯ ನೆರಳಿಗೆ ಬೇರೆ. ನೀವು ಬಾಯಿ ತೆರೆದು ಕಿರುಚುವಾಗ ಅವರೇ ತೆಗೆಯುವ ಫೋಟೊಕ್ಕೆ ಬೇರೆ. ಹೋದ ವರ್ಷ ಬಂದಿದ್ದ ನಮ್ಮ ಶಾಲೆಯ ಒಬ್ಬರು ಹೇಳಿದ್ದ ದರಕ್ಕೂ ಈ ಹಲಗೆಗೂ ತಾಳೆಯೇ ಇರಲಿಲ್ಲ. ಒಂದು ಕಡೆಯಂತೂ ಹಳೆಯ ಅಂಕಿಯ ಮೇಲೆ ಹೊಸ ಅಂಕಿಯ ಚೀಟಿ ಅಂಟಿಸಿದ್ದರು, ಆ ಚೀಟಿಯ ಮೇಲೆ ಇನ್ನೊಂದು ಚೀಟಿ.

ಗಂಗಾವತಿಯಲ್ಲಿ ಬಹಳ ಕಾಲ ಇದ್ದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ದರ ಕಂಡರೂ ಮನಸ್ಸು ಅದನ್ನು ಅಕ್ಕಿ ಮಾಡಿ ನೋಡುತ್ತದೆ. ಬೆಳಿಗ್ಗೆ ಎದ್ದರೆ ರೈಸ್ ಮಿಲ್ಲಿನ ಸದ್ದು, ಸಂಜೆ ಅಂಗಳ ಗುಡಿಸಿದರೆ ತೌಡಿನ ಧೂಳು, ಇನ್ನೇನಾಗುತ್ತದೆ? ಚಪ್ಪಲಿ ಕೊಂಡರೂ ಅಕ್ಕಿ, ಡಾಕ್ಟರ ಫೀಜಿಗೂ ಅಕ್ಕಿ. ಮೇಲಾಗಿ ನಾನು ಗಣಿತದ ಮಾಸ್ತರ, ಲೆಕ್ಕ ತಪ್ಪುವುದೂ ಇಲ್ಲ.

ನನ್ನ ಹೆಂಡತಿ ಗಿರಿಜಾ ತಳಕಲ್ಲಿನವಳು. ಅದು ಎರೆಹೊಲದ ಸೀಮೆ. ಹೊಳೆ ಎಂಬುದು ಪಾಠದ ಪುಸ್ತಕದಲ್ಲಿ ಇರುತ್ತಿತ್ತೇ ಹೊರತು ಊರಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಮೇಲೆಯೇ ಆಕೆ ದಂಡೆ ತುಂಬಿ ಹರಿಯುವ ಕಾಲುವೆ ಕಂಡದ್ದು. ಈಗ ನಮ್ಮ ಓಣಿಯ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಪಾರ್ಕಿಗೆ ಹೋದ ದಿನ ಬೆಳಿಗ್ಗೆ ದರದ ಹಲಗೆಯನ್ನೆಲ್ಲ ಓದಿ ಮುಗಿಸಿ ನನ್ನ ತೋಳು ಹಿಡಿದು ಹೇಳಿದ್ದಳು:

"ರೀ, ನನಗ ಮತ್ತೇನೂ ಬ್ಯಾಡ. ಆ ಗುಂಡಂದು ದೋಣ್ಯಾಗ ಒಮ್ಮಿ ಕುಂತು ಬರಬೇಕು ನೋಡ್ರಿ. ಪಾಳಿ ಭಾಳ ಐತಿ. ಪಟ್ಟಿ ತಗೊಳ್ಳೋಣೇನ್ರಿ?"

"ಒಂದು ಪಟ್ಟಿಗೆ ಅರ್ಧ ಚೀಲ ಸೋನಾ ಮಸೂರಿ ಬರ್ತೈತಿ," ಎಂದೆ ನಾನು. "ನೀರಾಗ ತಿರುಗಾಕ ಅಷ್ಟ್ಯಾಕ? ಪಾಳಿ ಹಚ್ಚಿದ್ರ ನಮ್ಮದೂ ಬರ್ತೈತಿ."

ಮಧ್ಯಾಹ್ನ ಊಟವಾದ ಮೇಲೆ ಪಾಳಿ ಹಚ್ಚಿದೆವು. ಆದರೆ ಪಟ್ಟಿ ಕಟ್ಟಿಕೊಂಡವರು ಪಕ್ಕದ ದಾರಿಯಿಂದ ಬಂದು ದೋಣಿ ತುಂಬಿಸುತ್ತಿದ್ದರು, ಉಳಿದ ಒಂದೋ ಎರಡೋ ಜಾಗಕ್ಕೆ ನಮ್ಮ ಸಾಲು ಜರುಗಬೇಕಿತ್ತು. ದೋಣಿ ನಿಲ್ಲಿಸುವುದು ಐದಕ್ಕೆ. ಗಾಡಿ ಹೊರಡುವುದು ಐದೂವರೆಗೆ. ಆಕೆ ಕೇಳಿದ್ದು ದಿನವಿಡೀ ಇದೊಂದನ್ನೇ, ಅದೂ ನನ್ನ ಅಕ್ಕಿಯ ಲೆಕ್ಕದಲ್ಲಿ ಕೈತಪ್ಪುವ ಹಾಗೆ ಕಾಣುತ್ತಿತ್ತು. ನೀರು ಕುಡಿದು ಬರುತ್ತೇನೆಂದು ಆಕೆ ಸಾಲು ಬಿಟ್ಟು ಹೋದಾಗ ನಾನು ಒಬ್ಬನೇ ಉಳಿದೆ. ಗೂಟದ ಮೇಲಿನ ಜಾಕೆಟ್ಟಿನಿಂದ ಆ ವಾಸನೆ ಬಂದದ್ದು ಆಗಲೇ.

ಆನೆಗೊಂದಿಯ ಮಲ್ಲಪ್ಪ ಮಾವನ ಹರಿಗೋಲಿನಲ್ಲಿಯೂ ಇದೇ ವಾಸನೆ ಇತ್ತು. ಆತ ನನ್ನ ಸೋದರತ್ತೆ ಹುಲಿಗೆವ್ವಳ ಗಂಡ. ನನಗೆ ಆಗಷ್ಟೇ ನೌಕರಿ ಸಿಕ್ಕಿತ್ತು, ರವಿವಾರ ಬಂತೆಂದರೆ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಊಟ ತಯಾರಾಗುವ ತನಕ ಹೊಳೆಯಲ್ಲಿ ಮಾವನ ಜತೆ ಕೂತಿರುವುದು ನನ್ನ ಕೆಲಸ. ಯಾರೋ ಅಧಿಕಾರಿಗಳು ಹೇಳಿದರೆಂದು ಮಾವ ನಾಲ್ಕು ಕಿತ್ತಳೆ ಜಾಕೆಟ್ಟು ತಂದಿಟ್ಟಿದ್ದ. ಅವು ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಅವನ್ನೇ ತಲೆಗಿಟ್ಟುಕೊಂಡು ಬಿದಿರಿನ ಆ ಬುಟ್ಟಿಯಲ್ಲಿ ಮಲಗಿದರೆ ಕೆಳಗೆ ನೀರು ಗುಳುಗುಳು ಎನ್ನುವುದು ಬೆನ್ನಿಗೆ ಕೇಳುತ್ತಿತ್ತು. ಎಷ್ಟೋ ರವಿವಾರಗಳು ಹಾಗೆ ನಿದ್ದೆಗೂ ಎಚ್ಚರಕ್ಕೂ ನಡುವೆ ಹರಿದುಹೋದವು.

ಮಾವನ ದರಗಳನ್ನು ನೀವು ಕೇಳಬೇಕಿತ್ತು. ಈ ದಂಡೆಯಿಂದ ಆ ದಂಡೆಗೆ ದಾಟಿಸುವುದಕ್ಕೆ ಒಂದು ದರ. ಊರವರಿಗೂ ಕೂಲಿಗೆ ಹೋಗುವವರಿಗೂ ಅದು ಇದ್ದೂ ಇಲ್ಲದಂತೆ. ಪ್ರವಾಸಿಗರು ಬಂದರೆ ಬೇರೆಯೇ ಮಾತು. ಬಂಡೆಗಳ ಸಂದಿಯಲ್ಲಿ ಹಾಯಿಸಿ ತರುವುದಕ್ಕೆ ಬೇರೆ. ನಡುಹೊಳೆಯಲ್ಲಿ ಗರಗರ ತಿರುಗಿಸುವುದಕ್ಕೆ ಬೇರೆ. ಒಂದು ಗುಡ್ಡದ ಎದುರು ಕೂಗಿದರೆ ಕೂಗು ತಿರುಗಿ ಬರುತ್ತಿತ್ತು. ಅಲ್ಲಿ ನಿಲ್ಲಿಸಿ ಕೂಗಿಸುವುದಕ್ಕೂ ಬೇರೆ. ಹಲಗೆ ಗಿಲಗೆ ಏನೂ ಇರಲಿಲ್ಲ. ಬಂದವರ ಕಾಲಿನ ಬೂಟು ನೋಡಿ ಆತ ದರ ಹೇಳುತ್ತಿದ್ದ, ದೀಪಾವಳಿ ಮುಗಿದು ಜನ ಬರತೊಡಗಿದರೆ ಬೂಟು ನೋಡದೆಯೂ ಏರಿಸುತ್ತಿದ್ದ.

"ಮಾವ, ಗುಡ್ಡ ಪುಕ್ಕಟ ಒದರ್ತೈತಿ. ಅದಕ್ಕೂ ರೊಕ್ಕ ಇಸ್ಗೊಂತೀಯಲ್ಲ," ಎಂದು ಒಮ್ಮೆ ಕೆಣಕಿದೆ.

"ಗುಡ್ಡ ಪುಕ್ಕಟನ ಐತಿ," ಎಂದ ಮಾವ. "ಹರಗೋಲ ಅಲ್ಲಿ ನಿಂದರಸ್ತೀನಲ್ಲ, ಅದಕ್ಕ ರೊಕ್ಕ. ಹುಟ್ಟು ನೀ ಹಿಡದು ನೋಡು."

ಹಿಡಿದು ನೋಡಿದೆ. ಎರಡೇ ನಿಮಿಷಕ್ಕೆ ಹೊಳೆ ನನ್ನನ್ನು ಹರಿಗೋಲಿನ ಸಮೇತ ಬಾಳೆತೋಟದ ದಂಡೆಗೆ ಒಯ್ದು ಒರಗಿಸಿತು. ಹರಿಯುವ ನೀರಿನ ಮೇಲೆ ಸುಮ್ಮನೆ ನಿಲ್ಲುವುದಕ್ಕೆ ರಟ್ಟೆ ಬೇಕು ಎಂದು ಅಂದು ತಿಳಿಯಿತು. ಸಂಜೆ ಬಸ್ಸು ಹತ್ತುವಷ್ಟರಲ್ಲಿ ಮರೆತೂ ಹೋಯಿತು.

ಹುಲಿಗೆವ್ವ ಅತ್ತಿ ದಿನಾ ಅದೇ ಹರಿಗೋಲಿನಲ್ಲಿ ಆಚೆ ದಂಡೆಗೆ ನಾಟಿ ಹಚ್ಚಲು, ಬಾಳೆಯ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಹೋಗುವಾಗ ಬುತ್ತಿ, ಸಂಜೆ ಬರುವಾಗ ಸೊಪ್ಪಿನ ಹೊರೆ. ಇಷ್ಟು ವರ್ಷ ದಾಟಿದರೂ ಮಾವ ಆಕೆಯನ್ನು ಒಮ್ಮೆಯೂ ತಿರುಗಿಸಿರಲಿಲ್ಲ. ಆಕೆ ಕೇಳಿರಲಿಲ್ಲ ಎಂದಲ್ಲ. ನನ್ನೆದುರೇ ಎರಡು ಸಲ ಕೇಳಿದ್ದಳು. ಮಾವ ಒಂದು ಕಟ್ಟಳೆ ಮಾಡಿಕೊಂಡಿದ್ದ: "ಮನ್ಯಾರ್ನ ದಾಟಸ್ತೀನಿ. ರೊಕ್ಕ ಕೊಟ್ಟಾರ್ನ ತಿರುಗಸ್ತೀನಿ." ಕೆಟ್ಟವನಲ್ಲ ಆತ. ಬೇಕರಿಯವನ ಮನೆಯಲ್ಲಿ ಕೇಕು ತಿನ್ನುವುದಿಲ್ಲವಲ್ಲ, ಹಾಗೆ. ನಾವೆಲ್ಲ ನಗುತ್ತಿದ್ದೆವು, ಅತ್ತಿಯೂ ನಗುತ್ತಿದ್ದಳು. ಆಕೆಯ ನಗುವನ್ನು ನಾನು ನಂಬಿಬಿಟ್ಟಿದ್ದೆ ಎಂಬುದೇ ಈಗ ನಾಚಿಕೆ ತರುತ್ತದೆ.

ಆ ವರ್ಷ ಊರಲ್ಲಿ ಕೆಲವು ಹೆಂಗಸರು ಬಾಳೆಯ ನಾರಿನಿಂದ ಹಗ್ಗ ಹೊಸೆದು ಬುಟ್ಟಿ, ಚಾಪೆ ಮಾಡುವ ಕೆಲಸಕ್ಕೆ ಸೇರಿದರು. ಅತ್ತಿಯೂ ಸೇರಿದಳು. ಹೊಲದ ಕೂಲಿ ಮೊದಲಿನಿಂದಲೂ ಮಾವನ ಕೈಗೇ ಬರುತ್ತಿತ್ತು. ನಾರಿನ ಕೆಲಸದ ದುಡ್ಡು ಮಾತ್ರ ಹೊಸೆದವಳ ಕೈಗೇ ಬಂತು. ಅದು ಬಂದ ಮೊದಲ ರವಿವಾರ ನಾನು ಹರಿಗೋಲಿನಲ್ಲಿ ಎಂದಿನಂತೆ ಮಲಗಿದ್ದೆ. ಕಣ್ಣು ಬಿಟ್ಟಾಗ ಅತ್ತಿ ತೊಳೆದ ಇಳಕಲ್ ಸೀರೆ ಉಟ್ಟು ದಂಡೆಯ ಬಂಡೆಯ ಮೇಲೆ ನಿಂತಿದ್ದಳು. ಇದ್ದ ಗಿರಾಕಿಗಳೆಲ್ಲ ಇಳಿದು ಹೋಗುವ ತನಕ ಕಾದು, ಆಮೇಲೆ ನೀರಿನಂಚಿಗೆ ಬಂದಳು.

"ಬುತ್ತಿ ತಂದೀಯೇನು?" ಎಂದ ಮಾವ.

"ತಿರುಗಸಾಕ ಎಷ್ಟ್ರಿ?" ಎಂದಳು ಅತ್ತಿ. ಮನೆಯಲ್ಲಿ ಆಕೆ ಮಾವನಿಗೆ ಹೀಗೆ ‘ರಿ’ ಹಚ್ಚಿದ್ದನ್ನು ನಾನು ಕೇಳಿರಲಿಲ್ಲ.

"ಹುಚ್ಚು ಹಿಡದೈತೇನು? ಮನಿಗೆ ನಡಿ."

"ದರಾ ಕೇಳಾಕತ್ತೀನಿ. ಹೇಳ್ರಿ."

ಮಾವ ನನ್ನ ಮುಖ ನೋಡಿದ. ಆಮೇಲೆ ಆ ವಾರವಷ್ಟೇ ಏರಿಸಿದ್ದ ದರವನ್ನು, ಅದರ ಮೇಲೊಂದಿಷ್ಟು ಸೇರಿಸಿ ಹೇಳಿದ. ಅದನ್ನು ಕೇಳಿ ಆಕೆ ತಿರುಗಿ ಹೋಗುತ್ತಾಳೆ ಎಂದು ಆತನ ಎಣಿಕೆ. ಅತ್ತಿ ಸೆರಗಿನ ಗಂಟು ಬಿಚ್ಚಿ ಎಣಿಸಿ ಆತನ ಅಂಗೈಯಲ್ಲಿ ಇಟ್ಟಳು. ನನಗೆ ತಡೆಯಲಿಲ್ಲ, ಆಗಲೂ ನನ್ನ ಬಾಯಿಗೆ ಬಂದದ್ದು ಅಕ್ಕಿಯೇ.

"ಅತ್ತಿ, ಇಷ್ಟು ರೊಕ್ಕಕ್ಕ ವಾರದ ಅಕ್ಕಿ ಬರ್ತಿತ್ತಲ್ಲ."

"ಅಕ್ಕಿ ದಿನಾ ಉಣ್ತೀನಲ್ಲೋ ತಮ್ಮಾ," ಎಂದು ಆಕೆ ಒಳಗೆ ಕಾಲಿಟ್ಟು, ಜಾಕೆಟ್ಟು ಕೇಳಿ ಹಾಕಿಸಿಕೊಂಡು, ಗಿರಾಕಿಗಳು ಕೂರುವ ಜಾಗದಲ್ಲಿ ಕೂತಳು.

ನಡುಹೊಳೆಗೆ ಹೋದ ಮೇಲೆ ಮಾವ ಹುಟ್ಟನ್ನು ಒಂದೇ ಮಗ್ಗುಲಲ್ಲಿ ಎಳೆಯತೊಡಗಿದ. ಮೊದಲು ದಂಡೆ ನಿಧಾನವಾಗಿ ಸರಿಯಿತು. ಬಾಳೆತೋಟ ಹೋಯಿತು, ಗುಡ್ಡ ಬಂತು. ಗುಡ್ಡ ಹೋಯಿತು, ಬರಿಯ ಬೆಳಕು ಬಂತು. ಆಮೇಲೆ ಯಾವುದು ಬಂತು ಯಾವುದು ಹೋಯಿತು ಎಂಬ ಲೆಕ್ಕ ನಿಂತಿತು. ಬಂಡೆಗಳೆಲ್ಲ ಕರಗಿ ಒಂದು ಕಂದು ಗೆರೆಯಾಗಿ ನಮ್ಮ ಸುತ್ತ ಸುತ್ತಿಕೊಂಡವು, ಅದರ ಮೇಲೊಂದು ಹಸಿರು ಗೆರೆ, ಅದರ ಮೇಲೆ ಆಕಾಶ. ನಾವು ತಿರುಗುತ್ತಿದ್ದೇವೋ ನಮ್ಮನ್ನು ನಡುವಿಟ್ಟು ಸೀಮೆಯೇ ತಿರುಗುತ್ತಿದೆಯೋ ತಿಳಿಯದಾಯಿತು. ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ ಅತ್ತಿ ಯಾವಾಗಲೋ ಕೈ ಬಿಟ್ಟಿದ್ದಳು. ಸೆರಗು ತಲೆಯಿಂದ ಜಾರಿತ್ತು. ನಗಲಿಲ್ಲ, ಕೂಗಲಿಲ್ಲ, ಕಣ್ಣು ಮಾತ್ರ ಪೂರ್ತಿ ತೆರೆದಿದ್ದವು. ಆ ಹೊಳೆ ಅಲ್ಲಿಯವರೆಗೆ ಆಕೆಗೆ ಮನೆಗೂ ಕೂಲಿಗೂ ನಡುವಿನ ದಾರಿಯಾಗಿತ್ತು. ಆ ಹೊತ್ತು ಆಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ನೀರು ನಮ್ಮನ್ನು ಮೆಲ್ಲಗೆ ಬಿಟ್ಟುಕೊಟ್ಟಿತು. ಮಾವ ಏದುಸಿರು ಬಿಡುತ್ತಿದ್ದ. ಬೇರೆ ಗಿರಾಕಿಗೆ ತಿರುಗಿಸುವುದಕ್ಕಿಂತ ಬಹಳ ಹೊತ್ತು ತಿರುಗಿಸಿದ್ದ, ಅದು ನನಗೂ ಗೊತ್ತಾಗಿತ್ತು. ಹೆಂಡತಿಯ ಮುಖ ನೋಡಿ ಆತನಿಗೆ ಏನನ್ನಿಸಿತೋ, ದನಿ ತಗ್ಗಿಸಿ ಹೇಳಿದ:

"ಕುಂಡ್ರು, ಇನ್ನೊಮ್ಮಿ ತಿರುಗಸ್ತೀನಿ. ರೊಕ್ಕ ಬ್ಯಾಡ."

"ಬ್ಯಾಡ," ಎಂದಳು ಅತ್ತಿ. "ಕೊಟ್ಟ ರೊಕ್ಕದ್ದು ಮುಟ್ಟೈತಿ. ದಂಡಿಗೆ ಹಚ್ಚು."

ಊಟಕ್ಕೆ ಬಡಿಸುವಾಗ ನಾನು ಸುಮ್ಮನಿರದೆ ಕೇಳಿದೆ, ಪುಕ್ಕಟೆ ಸಿಕ್ಕಿದ್ದನ್ನು ಯಾಕೆ ಬಿಟ್ಟೆ ಎಂದು. ಅತ್ತಿ ತಾಟಿಗೆ ಅನ್ನ ಹಾಕುತ್ತಲೇ ಹೇಳಿದಳು: "ಪುಕ್ಕಟ ತಿರುಗಿಸಿದ್ರ ಅದು ಆತನ ಮನಸು ಆಕ್ಕೈತಿ. ಮನಸು ಬಂದ್ರ ತಿರುಗಸ್ತಾನ, ಇಲ್ಲಾಂದ್ರ ಇಲ್ಲ. ಇದು ಹಂಗಲ್ಲ, ಇದು ನಂದು." ಮಾವ ತಲೆ ತಗ್ಗಿಸಿ ಉಣ್ಣುತ್ತಿದ್ದ. ಆ ದುಡ್ಡನ್ನು ಆತ ವಾಪಸು ಕೊಡಲಿಲ್ಲ. ಎಂಥ ಜಿಪುಣ ಎಂದು ನಾನು ಬಸ್ಸಿನಲ್ಲಿ ಬೈದುಕೊಂಡಿದ್ದೆ. ಕೊಟ್ಟಿದ್ದರೆ ಅತ್ತಿ ಆತನ ಜತೆ ಮಾತು ಬಿಡುತ್ತಿದ್ದಳು ಎಂಬುದು ನನ್ನಂಥ ಲೆಕ್ಕದ ಮಾಸ್ತರನಿಗೆ ಹೊಳೆಯಲು ವರ್ಷಗಳು ಬೇಕಾದವು. ಇಬ್ಬರೂ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಮಾವನ ದರ ಈಗಲೂ ಏರುತ್ತಲೇ ಇದೆ, ಹೆಗಲು ನೋಯುವುದರಿಂದ ತಿರುಗಿಸುವ ಸುತ್ತು ಮಾತ್ರ ಕಡಿಮೆಯಾಗಿದೆ.

"ಸರ್, ಮುಂದ ಸರೀರಿ," ಎಂದು ಹಿಂದಿನವರು ಹೇಳಿದಾಗ ನಾನು ಸಿಮೆಂಟಿನ ನೆಲಕ್ಕೆ ಬಂದೆ. ಎರಡು ಹೆಜ್ಜೆ ಸರಿದೆ. ಗಡಿಯಾರ ನಾಲ್ಕೂವರೆ ದಾಟಿತ್ತು, ಮುಂದೆ ಕಡಿಮೆ ಎಂದರೂ ನಲವತ್ತು ತಲೆಗಳಿದ್ದವು. ಇದು ಬಾರದ ಪಾಳಿ. ಅದು ನನಗೆ ಬೆಳಿಗ್ಗೆಯೇ ಗೊತ್ತಿರಬೇಕಿತ್ತು, ಗೊತ್ತಿತ್ತೋ ಏನೋ. ನನ್ನ ಬಗ್ಗೆ ನನಗೇ ಬೇಸರವಾಯಿತು. ಹಲಗೆಯ ಆ ದರ ಅನ್ಯಾಯದ್ದು ಎಂದು ಈಗಲೂ ಹೇಳುತ್ತೇನೆ, ನೀವು ಕೇಳಿದರೆ ಹಲಗೆಯ ಎದುರೇ ನಿಂತು ಹೇಳುತ್ತೇನೆ. ಆದರೆ ತಳಕಲ್ಲಿನಿಂದ ಬಂದವಳು ನೀರಿನ ಮೇಲೆ ಒಮ್ಮೆ ತಿರುಗಿದರೆ ಅದರ ಬೆಲೆ ಎಷ್ಟು ಎಂದು ಹೇಳಲು ನನ್ನನ್ನು ಯಾರೂ ಕೇಳಿರಲಿಲ್ಲ. ಕಿಸೆಯಿಂದ ಪಾಕೀಟು ತೆಗೆದೆ. ಗಿರಿಜಾ ಬಂದ ಕೂಡಲೇ ಒಂದು ಪಟ್ಟಿ ಕೊಡಿಸಿ ದೊಡ್ಡ ಮನುಷ್ಯನಾಗುವುದೆಂದು ನಿಶ್ಚಯ ಮಾಡಿದೆ.

ಗಿರಿಜಾ ಬಂದಳು. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ನೀ ಇಲ್ಲೇ ನಿಂದ್ರು. ನಾ ಹೋಗಿ ಪಟ್ಟಿ ತರ್ತೀನಿ," ಎಂದೆ.

"ತಂದೀನ್ರಿ," ಎಂದು ಕೈ ಮುಂದೆ ಮಾಡಿದಳು. ಹಸಿರು ಬಳೆಗಳ ಪಕ್ಕದಲ್ಲಿ ಬಂಗಾರದ ಬಣ್ಣದ ಕಾಗದದ ಪಟ್ಟಿ.

"ಒಂದ?"

"ನಿಮಗ ಬ್ಯಾಡ ಅಂದ್ರಲ್ರಿ. ನನ್ನ ಪಗಾರದಾಗ ನನಗೊಂದು ತಗೊಂಡೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಹಂಚುವಾಗ ಇರುವಂಥದೇ ದನಿ. ಈಗಾದರೂ ನನ್ನ ಕೈಯಲ್ಲಿದ್ದ ದುಡ್ಡು ತೋರಿಸಿ, ಇದು ನನ್ನ ಲೆಕ್ಕಕ್ಕೆ ಇರಲಿ ಎನ್ನಬಹುದಿತ್ತು. ಪಾಕೀಟು ಒಳಗಿಟ್ಟೆ. ಆಕೆ ಚಪ್ಪಲಿ ಬಿಟ್ಟು, ಸೀರೆಯ ಮೇಲೆಯೇ ಜಾಕೆಟ್ಟು ಬಿಗಿಸಿಕೊಂಡು, ಪಕ್ಕದ ದಾರಿಯಿಂದ ನೆಟ್ಟಗೆ ನಡೆದುಹೋದಳು.

ನಾನು ಸಾಲು ಬಿಟ್ಟು ಕಂಬಿಯ ಹತ್ತಿರ ಹೋಗಿ ನಿಂತೆ. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಿರಿಜಾ ಕೂತ ದೋಣಿ ತಿರುವಿನಲ್ಲಿ ಕಾಣಿಸಿಕೊಂಡು ತಿರುಗುತ್ತ ತಿರುಗುತ್ತ ಹತ್ತಿರ ಬಂತು. ಆಕೆಯ ಬೆನ್ನು ಕಂಡಿತು, ಮುಖ ಕಂಡಿತು, ಮತ್ತೆ ಬೆನ್ನು. ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ಅರ್ಧ ತೆರೆದಿದ್ದಳು, ಕೂದಲೆಲ್ಲ ನೀರು. ಮತ್ತೆ ಮುಖ ಈ ಕಡೆ ಬಂದಾಗ ನಾನು ಕೈ ಎತ್ತಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಎತ್ತಿದ ಕೈ ಇಳಿಸಿ, ಆಕೆ ತನ್ನದನ್ನು ಪೂರ್ತಿ ತಿರುಗಿ ಮುಗಿಸುವ ತನಕ ಕರೆಯದೆ ನಿಂತೆ.