ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ ಖಲೀಲ್ ಸಾರ್

ನಾವು ಪಾಸ್‌ವರ್ಡ್ ಹೊಡೆಯಲು ಕೀಬೋರ್ಡಿನ ಮೇಲೆ ಕೈಯಿಟ್ಟರೆ ಸಾಕು, ಖಲೀಲ್ ಸಾರ್ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದರು. ಕೈಗಳೆರಡೂ ಬೆನ್ನ ಹಿಂದೆ. ಎದುರಿಗೆ ಒಂದು ಕ್ಯಾಲೆಂಡರೂ ಇಲ್ಲದ ಬೋಳು ಗೋಡೆ. ಅದನ್ನೇ ನೋಡುತ್ತಾ "ಹೊಡ್ಕೊಳಮ್ಮ, ನಾನು ಈ ಕಡೆ ತಿರುಗಿದೀನಿ" ಅನ್ನುವರು. ನಾವಾಗಿ "ಆಯ್ತು ಸಾರ್" ಅನ್ನುವವರೆಗೂ ತಿರುಗುತ್ತಿರಲಿಲ್ಲ. ನಮ್ಮ ಕ್ಲಾಸಿನ ಕೆಲವು ಕಿಡಿಗೇಡಿಗಳು ಬೇಕೆಂದೇ ಬಾಯಿಬಿಡದೆ ಕೂತು ಅವರಿಂದ ಐದೈದು ನಿಮಿಷ ಗೋಡೆ ನೋಡಿಸಿದ್ದೂ ಉಂಟು. ಪುಣ್ಯಾತ್ಮರು ಹಾಗೇ ನಿಂತಿರುತ್ತಿದ್ದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ಬಂದು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೆ. ಖಲೀಲ್ ಸಾರ್ ಅಲ್ಲಿ ಲೆಕ್ಚರರ್ ಅಲ್ಲ, ಲ್ಯಾಬ್ ಇನ್‌ಸ್ಟ್ರಕ್ಟರ್. ಡಿಪ್ಲೊಮಾ ಓದಿದವರು. ಪಾಠ ಮಾಡುವವರು ಬೇರೆ. ನಮ್ಮ ಪ್ರೋಗ್ರಾಂ ಯಾಕೆ ಓಡುತ್ತಿಲ್ಲ ಎಂದು ಪಕ್ಕದಲ್ಲಿ ನಿಂತು ತೋರಿಸುತ್ತಿದ್ದವರು ಇವರು. ನಮಗೆ ಕಂಪ್ಯೂಟರ್ ಕಲಿಸಿದವರು ಯಾರು ಎಂದು ಈಗ ಕೇಳಿದರೆ ನನ್ನ ಬಾಯಿಗೆ ಬರುವುದು ಇವರ ಹೆಸರೇ.

ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಧೂಳು ಹೋದರೆ ಮಿಷನ್ ಕೆಡುತ್ತದೆ ಎಂಬುದು ಆಗಿನ ಕಾಲದ ನಂಬಿಕೆ. ಖಲೀಲ್ ಸಾರ್ ಕೂಡ ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ ಓಡಾಡುತ್ತಿದ್ದರು. ಹೀಗಾಗಿ ಅವರು ಹಿಂದೆ ಬಂದು ನಿಂತದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಪ್ರತಿಯೊಂದು ಮಾನಿಟರಿಗೂ ಬಟ್ಟೆಯ ಹೊದಿಕೆ. ಅವರ ಮನೆಯವರು ತುಮಕೂರಿನ ಸದಾಶಿವನಗರದ ಮನೆಯಲ್ಲಿ ಕೂತು ಹಳೇ ಪರದೆ ಕತ್ತರಿಸಿ ಹೊಲಿದುಕೊಟ್ಟದ್ದು. ಒಂದೊಂದರ ಮೇಲೂ ಕೆಂಪು ದಾರದಲ್ಲಿ ನಂಬರು ಹೊಲಿದಿತ್ತು. ಕೆಲಸ ಮುಗಿಸಿ ಏಳುವಾಗ ಹೊದಿಕೆ ಹಾಕಿಯೇ ಏಳಬೇಕು. ಹಾಕದೆ ಹೋದವನನ್ನು ಕಾರಿಡಾರಿನ ತುದಿಯಿಂದಲೂ ವಾಪಸ್ ಕರೆಸುತ್ತಿದ್ದರು.

ಒಮ್ಮೆ ನಾನೇ ಕೇಳಿದೆ, "ನಾವೇನು ಬ್ಯಾಂಕ್ ಇಟ್ಟಿದೀವಾ ಸಾರ್, ಯಾಕಷ್ಟೊಂದು ಗೋಡೆ ನೋಡ್ತೀರ?"

ಅವರು ನಗಲಿಲ್ಲ. "ನಮ್ಮಪ್ಪ ಕುಣಿಗಲ್‌ನಲ್ಲಿ ಬೀಗ ರಿಪೇರಿ ಮಾಡ್ತಿದ್ರು ಕಣಮ್ಮ. ಬೀಗದಕೈ ಕಳ್ಕೊಂಡವ್ರು ಮನೆಗೇ ಕರ್ಕೊಂಡ್ ಹೋಗೋರು. ಅಪ್ಪ ಅಮೃತೂರ್ ತಂಕ ಸೈಕಲ್ ತುಳ್ಕೊಂಡು ಹೋಗೋರು. ನಾನೂ ಎಷ್ಟೋ ಸಲ ಹಿಂದೆ ಕೂತ್ಕೊಂಡು ಹೋಗಿದೀನಿ. ಬೀರು ಬೀಗ ಕಟ್ ಅಂತ ಬಿಟ್ಕೊಂಡ ತಕ್ಷಣ ಅಪ್ಪ ಗೋಡೆ ಕಡೆ ತಿರುಗ್ಬಿಡೋರು. ಬಾಗಿಲು ತೆಗೆಯೋದು ಮನೆಯವ್ರೇ. ಒಳಗೇನಿತ್ತು ಅಂತ ಅವ್ರು ಒಂದು ದಿನಾನೂ ನೋಡಿದವ್ರಲ್ಲ. ಬೀಗ ತೆಗೆಯೋದು ಕಲಿತವ್ನು ಮೊದ್ಲು ತಿರುಗೋದು ಕಲೀಬೇಕು ಅನ್ನೋರು."

ಅದೇ ವರ್ಷ ಒಬ್ಬ ಹುಡುಗ ಪಾಸ್‌ವರ್ಡ್ ಮರೆತು ಬಂದ. "ನಿಮಗೆ ಗೊತ್ತಿರುತ್ತಲ್ಲ ಸಾರ್, ನೋಡಿ ಹೇಳಿ" ಅಂದ. ಖಲೀಲ್ ಸಾರ್ ಮುಖ ಸಪ್ಪಗಾಯಿತು. "ನಂಗೂ ಕಾಣಲ್ಲ ಕಣಪ್ಪ. ಮಿಷನ್ನು ಅದನ್ನ ರುಬ್ಬಿ ಇಟ್ಕೊಂಡಿರುತ್ತೆ. ರುಬ್ಬಿದ ಹಿಟ್ಟು ನೋಡಿ ಯಾವ ಅಕ್ಕಿ ಕಾಳು ಎಲ್ಲಿತ್ತು ಅಂತ ಹೇಳಕ್ಕಾಗುತ್ತಾ? ಬೇಕಾದ್ರೆ ಹೊಸಾದು ಕೊಡ್ತೀನಿ" ಅಂದರು. ಪಾಸ್‌ವರ್ಡನ್ನು ಕಂಪ್ಯೂಟರ್ ಹೇಗೆ ಕಾಪಾಡುತ್ತದೆ ಎಂಬ ಪಾಠವನ್ನು ನಾನು ಆಮೇಲೆ ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದೆ. ಆದರೆ ಕ್ಲಾಸಿನಲ್ಲಿ ಹೇಳುವಾಗ ಈಗಲೂ ಹೇಳುವುದು ಆ ರುಬ್ಬಿದ ಹಿಟ್ಟನ್ನೇ. ಇನ್ನೊಬ್ಬ ಮಹಾಶಯ ಅಂಗೈ ಮೇಲೆ ಪೆನ್ನಿನಲ್ಲಿ ಪಾಸ್‌ವರ್ಡ್ ಬರೆದುಕೊಂಡು ಬಂದಿದ್ದ. ಸಾರ್ ಆ ಕಡೆ ಕಣ್ಣೂ ಹಾಯಿಸದೆ "ಹೋಗಿ ಕೈ ತೊಳ್ಕೊಂಡ್ ಬಾರಪ್ಪ" ಅಂದರು, ಅಷ್ಟೇ.

ಅವರದು ಇನ್ನೊಂದು ಕಟ್ಟುನಿಟ್ಟು. ಪ್ರತಿ ಸೆಮಿಸ್ಟರಿನ ಮೊದಲ ದಿನ ಹೇಳುತ್ತಿದ್ದರು: "ಯಾರ ಲಾಗಿನ್ನಲ್ಲಿ ಏನಾದ್ರೂ ಅದು ಅವರ್ದೇ. ಪಕ್ಕದವ್ನು ಮಾಡ್ದ, ನಂಗೊತ್ತಿಲ್ಲ ಅಂತ ಬಂದ್ರೆ ನಾನು ಕೇಳಲ್ಲ. ಎದ್ದೋಗೋವಾಗ ಲಾಗೌಟ್ ಆಗಿ ಹೋಗಿ." ನಾವು ತಲೆಯಾಡಿಸುತ್ತಿದ್ದೆವು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಂಥ ಮನುಷ್ಯನ ನಂಬಿಕೆಯನ್ನು ಹಾಳು ಮಾಡಿದವಳು ನಾನು.

ಆರನೇ ಸೆಮಿಸ್ಟರಿನ ಒಂದು ಶುಕ್ರವಾರ. ಅವತ್ತು ಮಧ್ಯಾಹ್ನದೊಳಗೆ ಲ್ಯಾಬ್ ರೆಕಾರ್ಡ್ ಒಪ್ಪಿಸದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು. ನನ್ನದು ಇನ್ನೂ ನಾಲ್ಕು ಪ್ರೋಗ್ರಾಂ ಪ್ರಿಂಟ್ ಆಗಬೇಕು. ಲ್ಯಾಬಿನ ಸರ್ವರ್ ಖಲೀಲ್ ಸಾರ್ ಉಸ್ತುವಾರಿಯಲ್ಲಿತ್ತು, ಪ್ರಿಂಟರ್ ಓಡುತ್ತಿದ್ದದ್ದೂ ಅಂಕಗಳ ಪಟ್ಟಿ ತೆರೆಯುತ್ತಿದ್ದದ್ದೂ ಅವರ ಲಾಗಿನ್ನಿನಿಂದ ಮಾತ್ರ. ಅವರಿಗೋ ಶುಕ್ರವಾರದ ನಮಾಜಿಗೆ ಹೊತ್ತಾಗಿತ್ತು. ಸೈಕಲ್ ಕೀ ಹಿಡಿದು ಒಂದು ಕ್ಷಣ ನಿಂತರು. ನನ್ನ ಮುಖ ನೋಡಿದರು. ತಮ್ಮ ಲಾಗಿನ್ ತೆರೆದಿಟ್ಟು ಅವರು ಲ್ಯಾಬ್ ಬಿಟ್ಟು ಹೋದದ್ದು ಅದೊಂದೇ ಸಲ.

"ಶೈಲಾ, ಪ್ರಿಂಟ್ ಮುಗಿದ್ಮೇಲೆ ಎಕ್ಸಿಟ್ ಹೊಡಿ. ಲಾಗಿನ್ ಅಂತ ಸ್ಕ್ರೀನ್ ಮೇಲೆ ಬಂದ್ಮೇಲೇ ಏಳ್ಬೇಕು. ಆಯ್ತಾ?"

"ಆಯ್ತು ಸಾರ್."

ಪ್ರಿಂಟರ್ ಕರಕರ ಅಂತ ಕೊನೆಯ ಹಾಳೆ ಉಗುಳುವಷ್ಟರಲ್ಲಿ ಗೆಳತಿ ಬಾಗಿಲಲ್ಲಿ ನಿಂತು "ಮುಖ್ಯಸ್ಥರು ಹೊರಟ್ರು ಕಣೇ, ಬೇಗ ಬಾ" ಅಂದಳು. ಹಾಳೆಯ ಅಂಚು ಹರಿದುಕೊಂಡೆ. ಮಾನಿಟರಿನ ಗುಂಡಿ ಒತ್ತಿದೆ, ಸ್ಕ್ರೀನ್ ಕಪ್ಪಾಯಿತು. ಹೊದಿಕೆ ಹಾಕಿದೆ. ನೀಟಾಗಿ, ಕೆಂಪು ನಂಬರು ಮುಂದಕ್ಕೆ ಬರುವ ಹಾಗೆ ಹಾಕಿದೆ. ಎಕ್ಸಿಟ್ ಹೊಡೆಯಲಿಲ್ಲ.

ನೆನಪಾದದ್ದು ಸಂಜೆ ಬಸ್ಸಿನಲ್ಲಿ, ಹೆಗ್ಗೆರೆ ಹತ್ತಿರ. ಮಾನಿಟರ್ ಆರಿಸಿದರೆ ಕಂಪ್ಯೂಟರ್ ಆರುವುದಿಲ್ಲ, ಲಾಗಿನ್ ಹಾಗೇ ಇರುತ್ತದೆ ಎಂಬುದು ಮೊದಲ ಸೆಮಿಸ್ಟರಿನ ಮಕ್ಕಳಿಗೂ ಗೊತ್ತು. ಅಲ್ಲೇ ಇಳಿದು ಎದುರು ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಸೀಟು ಸಿಕ್ಕಿತ್ತು, ಕಿಟಕಿ ಪಕ್ಕ. ಹೊದಿಕೆ ಹಾಕಿದೀನಲ್ಲ, ಯಾರು ತೆಗೆದು ನೋಡುತ್ತಾರೆ ಅಂದುಕೊಂಡು ಕೂತೆ. ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಯಾರೋ ತೆಗೆದು ನೋಡಿದ್ದರು. ಮಧ್ಯಾಹ್ನದ ಬ್ಯಾಚಿನಲ್ಲಿ ಖಲೀಲ್ ಸಾರ್ ಲ್ಯಾಬಿನ ಇನ್ನೊಂದು ತುದಿಯಲ್ಲಿದ್ದಾಗ, ಅವರ ಲಾಗಿನ್ನಿನಿಂದಲೇ ಮೂವರ ಇಂಟರ್ನಲ್ ಅಂಕಗಳನ್ನು ತಿದ್ದಿದ್ದರು. ಕಾಗದದ ಮೇಲಿದ್ದ ಪಟ್ಟಿಗೆ ತಾಳೆ ನೋಡಿದಾಗ ಸಿಕ್ಕಿಬಿತ್ತು, ಅಂಕಗಳು ಸರಿಹೋದವು. ತಿದ್ದಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ ತಿದ್ದಿದ ಲಾಗಿನ್ ಯಾರದೆಂದು ಕಂಪ್ಯೂಟರೇ ಬರೆದಿಟ್ಟಿತ್ತು.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರು ಲ್ಯಾಬಿಗೇ ಬಂದರು. ನಾವೆಲ್ಲ ಬರಿಗಾಲಲ್ಲಿ ಎದ್ದು ನಿಂತೆವು. "ಶುಕ್ರವಾರ ನಿಮ್ಮ ಮಿಷನ್ನಲ್ಲಿ ಕೂತಿದ್ದವರು ಯಾರ್ರೀ?" ಎಂದು ಎಲ್ಲರೆದುರಿಗೇ ಕೇಳಿದರು.

ಖಲೀಲ್ ಸಾರ್ ತಕ್ಷಣ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತಲೆ ತಗ್ಗಿಸಿ ತಮ್ಮ ಕಾಲುಚೀಲ ನೋಡಿಕೊಂಡು ಸುಮ್ಮನೆ ನಿಂತರು. ಆ ಮೌನ ನನಗಾಗಿ ಎಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ತಿದ್ದಿದವಳೂ ನಾನೇ ಅಂದುಬಿಟ್ಟರೆ, ಕಾಲೇಜಿನಿಂದ ತೆಗೆದುಬಿಟ್ಟರೆ, ಗುಬ್ಬಿಯಲ್ಲಿ ಮೇಷ್ಟರಾಗಿದ್ದ ನಮ್ಮಪ್ಪನನ್ನು ಕರೆಸಿದರೆ ಎಂದು ಹೆದರಿದೆ. ಎರಡನೇ ಸಾಲಿನಲ್ಲಿ ರೆಕಾರ್ಡ್ ಅವುಚಿಕೊಂಡು ಕಂಬದ ಹಾಗೆ ನಿಂತಿದ್ದೆ.

"ಲಾಗಿನ್ ನಂದು ಸಾರ್" ಅಂದರು ಕೊನೆಗೆ. "ತಪ್ಪೂ ನಂದೇ."

ಅವರಿಗೆ ನೋಟೀಸು ಬಂತು. ಸರ್ವರಿನ ಉಸ್ತುವಾರಿ ಬೇರೆಯವರ ಕೈಗೆ ಹೋಯಿತು. ನನಗೆ ಅವರು ಒಂದು ಮಾತೂ ಅನ್ನಲಿಲ್ಲ. ಮರುದಿನ ಲ್ಯಾಬಿನಲ್ಲಿ ಕೂತೆ, ಪಾಸ್‌ವರ್ಡ್ ಹೊಡೆಯಲು ಕೈಯಿಟ್ಟೆ. ಯಾಕೋ ಹಿಂದೆ ತಿರುಗಿ ನೋಡಿದರೆ ಖಲೀಲ್ ಸಾರ್ ಅಲ್ಲೇ ನಿಂತಿದ್ದರು, ನನ್ನ ಕಡೆಗೇ ಮುಖ ಮಾಡಿ. ಪಕ್ಕದವಳಿಗೆ ಗೋಡೆ ಕಡೆ ತಿರುಗಿದರು. ಅದರಾಚೆಯವನಿಗೂ ತಿರುಗಿದರು. ನನಗೆ ಮಾತ್ರ ತಿರುಗಲಿಲ್ಲ. ಆ ಸೆಮಿಸ್ಟರ್ ಮುಗಿಯುವವರೆಗೂ ನಾನು ಕೂರುವಾಗ ನೋಡುತ್ತಾ ನಿಲ್ಲುವರು, ಏಳುವಾಗ ಲಾಗಿನ್ ಎಂಬ ಅಕ್ಷರ ಸ್ಕ್ರೀನ್ ಮೇಲೆ ಬರುವುದನ್ನೂ ನೋಡಿಕೊಂಡೇ ಮುಂದೆ ಹೋಗುವರು. ಬೈದಿದ್ದರೆ ಒಂದು ದಿನ ಅತ್ತು ಮರೆಯುತ್ತಿದ್ದೆನೇನೋ. ಇದನ್ನು ಮರೆಯಲಾಗಲಿಲ್ಲ.

ಮುಂದಿನ ವರ್ಷ ಅವರನ್ನು ಲ್ಯಾಬಿನಿಂದ ತೆಗೆದು ಸಾಮಾನು ಇಡುವ ಸ್ಟೋರಿಗೆ ಹಾಕಿದರು. ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟರೆಂದು ತಿಳಿಯಿತು. ಎಲ್ಲಿಗೆ ಹೋದರೆಂದು ವಿಚಾರಿಸುವ ಧೈರ್ಯವೂ ನನಗಿರಲಿಲ್ಲ.

ನಾನು ಓದು ಮುಗಿಸಿ ಅದೇ ಊರಿನ ಇನ್ನೊಂದು ಕಾಲೇಜಿನಲ್ಲಿ ಲೆಕ್ಚರರ್ ಆದೆ. ಕಂಪ್ಯೂಟರ್ ಸುರಕ್ಷತೆಯ ವಿಷಯ ಹೊಸದಾಗಿ ಪಠ್ಯಕ್ಕೆ ಬಂದಾಗ ಯಾರಿಗೂ ಬೇಡವಾಗಿ ನನ್ನ ತಲೆಗೆ ಕಟ್ಟಿದರು. ಯಾರ ಲಾಗಿನ್ನಿನಲ್ಲಿ ನಡೆದದ್ದಕ್ಕೆ ಯಾರು ಹೊಣೆ ಎಂಬ ಅಧ್ಯಾಯ ಬಂದಾಗಲೆಲ್ಲ ಮಾತು ಅರ್ಧಕ್ಕೆ ನಿಲ್ಲಿಸಿ ಬೋರ್ಡಿನ ಕಡೆ ತಿರುಗಿಬಿಡುತ್ತಿದ್ದೆ. ಹುಡುಗರು ನೀರು ತಂದುಕೊಡುತ್ತಿದ್ದರು.

ಹಾಗೆ ಏಳೆಂಟು ವರ್ಷ ಕಳೆದ ಮೇಲೆ ಒಂದು ಪರೀಕ್ಷೆಯ ಕೆಲಸಕ್ಕೆಂದು ಕುಣಿಗಲ್‌ಗೆ ಹೋಗಿದ್ದೆ. ಬಸ್‌ ಸ್ಟ್ಯಾಂಡಿನಿಂದ ಬರುವ ದಾರಿಯಲ್ಲಿ ಒಂದು ಬ್ರೌಸಿಂಗ್ ಸೆಂಟರ್. ಬಾಗಿಲಲ್ಲಿ ಸಾಲಾಗಿ ಚಪ್ಪಲಿ. ಒಳಗೆ ಇಣುಕಿದರೆ ಖಾಲಿ ಮಾನಿಟರುಗಳ ಮೇಲೆ ಬಟ್ಟೆಯ ಹೊದಿಕೆ, ಕೆಂಪು ದಾರದ ನಂಬರು. ನನ್ನ ಕಾಲು ಅಲ್ಲೇ ನಿಂತಿತು.

ಖಲೀಲ್ ಸಾರ್ ತುಂಬಾ ಸೊರಗಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೆಮ್ಮು ಬಿಟ್ಟೂ ಬಿಡದೆ ಬರುತ್ತಿತ್ತು. ಆದರೂ ನೋಡಿದ ಕೂಡಲೇ ಗುರುತು ಹಿಡಿದರು. "ಗುಬ್ಬಿ ಶೈಲಾ ಅಲ್ವೇನಮ್ಮಾ? ಬಾ, ಕೂತ್ಕೋ." ಮನೆಯಿಂದ ಟೀ ತರಿಸಿದರು. ನಾನು ಲೆಕ್ಚರರ್ ಆದದ್ದು ಕೇಳಿ, ಯಾವ ವಿಷಯ ಹೇಳಿಕೊಡುತ್ತೀ ಅಂದರು. ಹೇಳಿದೆ. ಹೇಳುತ್ತಲೇ ನನಗೆ ತಡೆಯಲಾಗಲಿಲ್ಲ.

"ಸಾರ್, ಅವತ್ತು ಎಕ್ಸಿಟ್ ಹೊಡೀದೆ ಹೋದೋಳು ನಾನು. ಎದ್ದು ಹೇಳ್ಬೇಕಿತ್ತು. ಹೇಳ್ಲಿಲ್ಲ. ನಿಮ್ಮ ಕೆಲಸ ಹೋಗಿದ್ದು ನನ್ನಿಂದ."

ಅವರು ಲೋಟ ಕೆಳಗಿಟ್ಟರು. "ನನ್ನ ಲಾಗಿನ್ ನಾನು ತೆರೆದಿಟ್ಟು ಹೋಗಿದ್ದು, ಅದು ನಂದೇ ತಪ್ಪು. ವಾಪಸ್ ಬಂದು ಹೊದಿಕೆ ನೋಡ್ದೆ, ನಂಬಿಬಿಟ್ಟೆ. ಅದೂ ನಂದೇ. ಅದಕ್ಕೆ ನಂಗೆ ಬೇಜಾರಿಲ್ಲ ಕಣಮ್ಮ." ಸ್ವಲ್ಪ ಹೊತ್ತು ಕೆಮ್ಮಿದರು. "ನೀನು ಹೇಳ್ತೀಯ ಅಂತ ಅವತ್ತು ಕಾದೆ. ಅದಕ್ಕೆ ಬೇಜಾರಾಗಿತ್ತು. ಇದ್ದದ್ದು ಇದ್ದಂಗೆ ಹೇಳ್ತೀನಿ."

"ಈಗ ಹೇಳಿದೀನಿ ಸಾರ್" ಅಂದೆ.

ಅವರು ತಲೆಯಾಡಿಸಿದರು. ಎದ್ದು, ಮೂರನೇ ನಂಬರಿನ ಹೊದಿಕೆ ತೆಗೆದು ನೀಟಾಗಿ ಮಡಿಸಿಟ್ಟರು. "ಬಂದಿದೀಯ, ಮೇಲ್ ಗೀಲ್ ನೋಡೋದಿದ್ರೆ ನೋಡ್ಕೊಂಡೋಗಮ್ಮ."

ನನಗೆ ನೋಡುವ ಮೇಲ್ ಯಾವುದೂ ಇರಲಿಲ್ಲ. ಅವರು ಹೇಳಿದರಲ್ಲ ಎಂದು ಕೂತೆ. ಅದೇ ಅವರನ್ನು ನಾನು ಕಡೆಯ ಸಲ ನೋಡಿದ್ದು. ಮುಂದಿನ ರಂಜಾನ್ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು, ಆ ಸುದ್ದಿ ನನಗೆ ತಲುಪಿದ್ದು ಇನ್ನೂ ತಡವಾಗಿ. ಅವತ್ತು ಮೇಲ್ ಪುಟ ತೆರೆದು ಹೆಸರು ಹೊಡೆದೆ. ಪಾಸ್‌ವರ್ಡಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಹಿಂದೆ ತಿರುಗಿ ನೋಡಿದೆ.

ಖಲೀಲ್ ಸಾರ್ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕೈಗಳೆರಡೂ ಬೆನ್ನ ಹಿಂದೆ.

ಕಣ್ಣು ತುಂಬಿ ಅಕ್ಷರ ಕಾಣದೆ ಒಂದು ಸಲ ತಪ್ಪು ಹೊಡೆದೆ. ಎರಡನೇ ಸಲವೂ ತಪ್ಪಾಯಿತು. ಅವರು ತಿರುಗಲಿಲ್ಲ.

"ನಿಧಾನಕ್ಕೆ ಹೊಡ್ಕೊಳಮ್ಮ" ಅಂದರು, ಗೋಡೆಯನ್ನೇ ನೋಡುತ್ತಾ. "ನಂಗೇನ್ ಅರ್ಜೆಂಟಿಲ್ಲ."